ಮಿತ್ರರಾಷ್ಟ್ರಗಳ ಜಂಟಿ ನೌಕಾ ಸಮರಾಭ್ಯಾಸಗಳು – ಸಾರ್ವಜನಿಕ ಮಾಹಿತಿ

1. ಪೀಠಿಕೆ

ಭಾರತೀಯ ನೌಕಾಪಡೆಯು ಅನ್ಯ ದೇಶಗಳ ನೌಕಾಪಡೆಗಳೊಡನೆ ನಿಯತವಾಗಿ ಜಂಟಿ ಸಮರಾಭ್ಯಾಸಗಳನ್ನು ನಡೆಸುತ್ತಿದ್ದು, ಇವುಗಳ ಪೈಕಿ ಹಲವು ಅರಬ್ಬೀ ಸಮುದ್ರದಲ್ಲಿ ಜರುಗುತ್ತವೆ. ಸದರಿ ಅಭ್ಯಾಸಗಳ ಸ್ವರೂಪ, ಉದ್ದೇಶ ಹಾಗೂ ಆ ಅವಧಿಯಲ್ಲಿ ಮೀನುಗಾರರು, ದೋಣಿ ಮಾಲೀಕರು ಮತ್ತು ಕರಾವಳಿಯ ನಾಗರಿಕರು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಪುಟದಲ್ಲಿ ನೀಡಲಾಗಿದೆ. ರಕ್ಷಣೆಯು ಸಂವಿಧಾನದ ಅನ್ವಯ ಕೇಂದ್ರ ಸರ್ಕಾರದ ವಿಷಯವಾಗಿರುವುದರಿಂದ, ಅಭ್ಯಾಸಗಳ ಸ್ಥಳ, ದಿನಾಂಕ ಮತ್ತು ಸ್ವರೂಪವನ್ನು ನಿರ್ಧರಿಸುವಲ್ಲಿ ರಾಜ್ಯದ ಇಲಾಖೆಗಳಿಗೆ ಅಧಿಕಾರವಿರುವುದಿಲ್ಲ.

2. ಜಂಟಿ ಸಮರಾಭ್ಯಾಸ ಎಂದರೇನು?

ಎರಡು ಅಥವಾ ಹೆಚ್ಚಿನ ದೇಶಗಳ ಯುದ್ಧನೌಕೆಗಳು, ಜಲಾಂತರ್ಗಾಮಿಗಳು ಮತ್ತು ವಿಮಾನಗಳು ಪೂರ್ವನಿಗದಿತ ಸಾಗರ ಪ್ರದೇಶದಲ್ಲಿ ಸೇರಿ, ಒಪ್ಪಿತ ಕಾರ್ಯಕ್ರಮದಂತೆ ತರಬೇತಿ ಪಡೆಯುವುದಕ್ಕೆ ಜಂಟಿ ನೌಕಾ ಸಮರಾಭ್ಯಾಸ ಎನ್ನಲಾಗುತ್ತದೆ. ಇದು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಬಂದರು ಹಂತದಲ್ಲಿ ಅಧಿಕಾರಿಗಳು ಯೋಜನೆಯನ್ನು ಚರ್ಚಿಸಿ, ಸಂಕೇತಗಳನ್ನು ಹೊಂದಿಸಿಕೊಂಡು, ಪರಸ್ಪರರ ನೌಕೆಗಳಿಗೆ ಭೇಟಿ ನೀಡುತ್ತಾರೆ. ಸಾಗರ ಹಂತದಲ್ಲಿ ಈ ಯೋಜನೆಯನ್ನು ಕಾರ್ಯರೂಪಕ್ಕೆ ತರಲಾಗುತ್ತದೆ.

ಸಮರಾಭ್ಯಾಸದಲ್ಲಿ ಪಾಲ್ಗೊಂಡ ಮಾತ್ರಕ್ಕೆ ಆ ದೇಶಗಳ ನಡುವೆ ಸೈನಿಕ ಮೈತ್ರಿಕೂಟ ಏರ್ಪಟ್ಟಿದೆ ಎಂದು ಭಾವಿಸತಕ್ಕದ್ದಲ್ಲ. ಅಮೆರಿಕ ಹಾಗೂ ಜಪಾನ್, ಅಮೆರಿಕ ಹಾಗೂ ಆಸ್ಟ್ರೇಲಿಯಾ ನಡುವೆ ರಕ್ಷಣಾ ಒಪ್ಪಂದಗಳಿವೆ. ಭಾರತವು ಅಂತಹ ಯಾವುದೇ ಮೈತ್ರಿಕೂಟದ ಸದಸ್ಯತ್ವ ಹೊಂದಿಲ್ಲವಾದರೂ, ಈ ಮೂರು ದೇಶಗಳೊಡನೆ ಮಲಬಾರ್ ಸಮರಾಭ್ಯಾಸದಲ್ಲಿ ಪಾಲ್ಗೊಳ್ಳುತ್ತದೆ.

3. ಮಲಬಾರ್ ಸಮರಾಭ್ಯಾಸದ ಹಿನ್ನೆಲೆ

ಮಲಬಾರ್ ಸಮರಾಭ್ಯಾಸವು 1992ರಲ್ಲಿ ಭಾರತ ಮತ್ತು ಅಮೆರಿಕದ ನೌಕಾಪಡೆಗಳ ನಡುವೆ ಆರಂಭವಾಯಿತು. 1998ರ ಪೋಖ್ರಾನ್ ಅಣುಪರೀಕ್ಷೆಯ ತರುವಾಯ ಅಮೆರಿಕವು ಇದನ್ನು ಸ್ಥಗಿತಗೊಳಿಸಿತು. 2002ರಲ್ಲಿ ಪುನರಾರಂಭಗೊಂಡಿತು. 2007ರ ಸೆಪ್ಟೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ನಡೆದ ಅಭ್ಯಾಸದಲ್ಲಿ ಜಪಾನ್, ಆಸ್ಟ್ರೇಲಿಯಾ ಮತ್ತು ಸಿಂಗಪುರದ ನೌಕೆಗಳೂ ಭಾಗವಹಿಸಿದವು. 2015ರಲ್ಲಿ ಜಪಾನ್ ಕಾಯಂ ಪಾಲುದಾರ ದೇಶವಾಯಿತು. 2020ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಮರಳಿ ಸೇರ್ಪಡೆಯಾಯಿತು. ಆ ವರ್ಷದ ಮೊದಲ ಹಂತವು ವಿಶಾಖಪಟ್ಟಣದ ಬಳಿ ಬಂಗಾಳ ಕೊಲ್ಲಿಯಲ್ಲಿಯೂ, ಎರಡನೆಯ ಹಂತವು ನವೆಂಬರ್ 17ರಿಂದ 20ರವರೆಗೆ ಅರಬ್ಬೀ ಸಮುದ್ರದಲ್ಲಿಯೂ ನಡೆಯಿತು. ಎರಡನೆಯ ಹಂತದಲ್ಲಿ ಐ.ಎನ್.ಎಸ್. ವಿಕ್ರಮಾದಿತ್ಯ ಮತ್ತು ಅಮೆರಿಕದ ನಿಮಿಟ್ಜ್ ವಿಮಾನವಾಹಕ ನೌಕೆಗಳು ಜೊತೆಗೂಡಿದ್ದವು.

ಆತಿಥೇಯ ದೇಶವು ಕಾಲಕಾಲಕ್ಕೆ ಬದಲಾಗುತ್ತದೆ. 2022ರಲ್ಲಿ ಜಪಾನಿನಲ್ಲಿ, 2023ರಲ್ಲಿ ಪ್ರಥಮ ಬಾರಿಗೆ ಆಸ್ಟ್ರೇಲಿಯಾದ ಸಿಡ್ನಿ ಬಳಿ, 2024ರ ಅಕ್ಟೋಬರ್ 8ರಿಂದ 18ರವರೆಗೆ ವಿಶಾಖಪಟ್ಟಣದಲ್ಲಿ ಹಾಗೂ 2025ರ ನವೆಂಬರ್‌ನಲ್ಲಿ ಗುವಾಮ್ ದ್ವೀಪದ ಬಳಿ ಅಭ್ಯಾಸಗಳು ಜರುಗಿದವು.

4. ಇತರ ಪ್ರಮುಖ ಸಮರಾಭ್ಯಾಸಗಳು

ಭಾರತವು ಪಾಲ್ಗೊಳ್ಳುವ ಇತರ ಕೆಲವು ಸಮರಾಭ್ಯಾಸಗಳ ವಿವರ ಈ ಕೆಳಕಂಡಂತಿದೆ:

ಅ) ವರುಣ – ಫ್ರಾನ್ಸ್ ಜೊತೆ. 1993ರಲ್ಲಿ ಆರಂಭವಾಗಿ, 2001ರಲ್ಲಿ ಈ ಹೆಸರು ಪಡೆಯಿತು. 2025ರ ಮಾರ್ಚ್ 19ರಿಂದ 22ರವರೆಗೆ ಅರಬ್ಬೀ ಸಮುದ್ರದಲ್ಲಿ ನಡೆದ ಅಭ್ಯಾಸದಲ್ಲಿ ಐ.ಎನ್.ಎಸ್. ವಿಕ್ರಾಂತ್ ಮತ್ತು ಫ್ರಾನ್ಸಿನ ಷಾರ್ಲ್ ದ ಗಾಲ್ ವಿಮಾನವಾಹಕ ನೌಕೆಗಳು ಭಾಗವಹಿಸಿದ್ದವು.

ಆ) ಕೊಂಕಣ್ – ಬ್ರಿಟನ್ ಜೊತೆ, 2004ರಿಂದ. 2025ರ ಅಕ್ಟೋಬರ್‌ನಲ್ಲಿ ಭಾರತದ ಪಶ್ಚಿಮ ಕರಾವಳಿಯಾಚೆ ನಡೆಯಿತು.

ಇ) ಸಿಂಬೆಕ್ಸ್ – ಸಿಂಗಪುರದ ಜೊತೆ, 1994ರಿಂದ.

ಈ) ಸ್ಲಿನೆಕ್ಸ್ – ಶ್ರೀಲಂಕಾ ಜೊತೆ, 2005ರಿಂದ.

ಉ) ಮಿಲನ್ – ಬಹುರಾಷ್ಟ್ರೀಯ ಅಭ್ಯಾಸ. 1995ರಲ್ಲಿ ಅಂಡಮಾನ್‌ನಲ್ಲಿ ಭಾರತವೂ ಸೇರಿ ಐದು ದೇಶಗಳಿಂದ ಆರಂಭವಾಯಿತು. 2022ರಿಂದ ವಿಶಾಖಪಟ್ಟಣದಲ್ಲಿ ನಡೆಸಲಾಗುತ್ತಿದೆ.

ಊ) ರಿಂಪ್ಯಾಕ್ – ಅಮೆರಿಕದ ನೇತೃತ್ವದಲ್ಲಿ ಹವಾಯಿ ದ್ವೀಪಗಳ ಬಳಿ ನಡೆಯುವ, ವಿಶ್ವದ ಅತಿ ದೊಡ್ಡ ನೌಕಾ ಸಮರಾಭ್ಯಾಸ. 1971ರಲ್ಲಿ ಆರಂಭವಾಯಿತು. 2014ರಲ್ಲಿ ಐ.ಎನ್.ಎಸ್. ಸಹ್ಯಾದ್ರಿ ಭಾರತದ ಪರವಾಗಿ ಭಾಗವಹಿಸಿತು. 2024ರ ಅಭ್ಯಾಸದಲ್ಲಿ 29 ದೇಶಗಳು ಪಾಲ್ಗೊಂಡಿದ್ದವು.

5. ಸಾಗರ ಹಂತದಲ್ಲಿ ನಡೆಯುವ ಕಾರ್ಯಗಳು

ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚುವುದು, ವಾಯುದಾಳಿಯಿಂದ ನೌಕೆಗಳನ್ನು ರಕ್ಷಿಸುವುದು, ಫಿರಂಗಿ ಗುರಿ ಅಭ್ಯಾಸ, ಒಂದು ದೇಶದ ಹೆಲಿಕಾಪ್ಟರ್ ಇನ್ನೊಂದು ದೇಶದ ನೌಕೆಯ ಮೇಲೆ ಇಳಿಯುವುದು, ಶಂಕಾಸ್ಪದ ಹಡಗನ್ನು ಏರಿ ತಪಾಸಣೆ ಮಾಡುವುದು ಹಾಗೂ ಶೋಧ ಮತ್ತು ರಕ್ಷಣಾ ಕಾರ್ಯಗಳು ಸಾಮಾನ್ಯವಾಗಿ ಸೇರಿರುತ್ತವೆ. ಚಲಿಸುತ್ತಿರುವಾಗಲೇ ಇಂಧನ ಪಡೆಯುವ ಅಭ್ಯಾಸವೂ ಉಂಟು. ಇದರಲ್ಲಿ ಎರಡು ಹಡಗುಗಳು ಸಾಮಾನ್ಯವಾಗಿ 30ರಿಂದ 60 ಮೀಟರ್ ಅಂತರದಲ್ಲಿ, ಸಮಾನ ವೇಗದಲ್ಲಿ, ಕೊಳವೆಯಿಂದ ಜೋಡಿಸಲ್ಪಟ್ಟು ಸಾಗುತ್ತವೆ. ಈ ಸ್ಥಿತಿಯಲ್ಲಿ ಅವು ದಿಕ್ಕನ್ನು ಥಟ್ಟನೆ ಬದಲಿಸಲು ಸಾಧ್ಯವಿರುವುದಿಲ್ಲ.

6. ಜಂಟಿ ತರಬೇತಿಯ ಅವಶ್ಯಕತೆ

ಭಾಷೆ, ಸಂಕೇತ ಮತ್ತು ಕಾರ್ಯವಿಧಾನಗಳು ಬೇರೆ ಬೇರೆಯಾಗಿರುವ ನೌಕೆಗಳು ಒಟ್ಟಿಗೆ ಚಲಿಸುವುದು ಅಪಾಯದ ಕಾರ್ಯವಾಗಿದೆ. 1969ರ ಜೂನ್ 3ರಂದು ದಕ್ಷಿಣ ಚೀನಾ ಸಮುದ್ರದಲ್ಲಿ ನಡೆದ ಬಹುರಾಷ್ಟ್ರೀಯ ಅಭ್ಯಾಸವೊಂದರಲ್ಲಿ, ಆಸ್ಟ್ರೇಲಿಯಾದ ವಿಮಾನವಾಹಕ ನೌಕೆ ಮೆಲ್ಬರ್ನ್ ಮತ್ತು ಅಮೆರಿಕದ ಫ್ರಾಂಕ್ ಇ. ಇವಾನ್ಸ್ ನೌಕೆಗಳು ನಸುಕಿಗೆ ಮುನ್ನ ಪರಸ್ಪರ ಡಿಕ್ಕಿ ಹೊಡೆದವು. ವಿಮಾನವಾಹಕ ನೌಕೆಯ ಹಿಂಭಾಗಕ್ಕೆ ಸರಿಯಬೇಕಾಗಿದ್ದ ಇವಾನ್ಸ್, ಅದರ ಮುಂಭಾಗವನ್ನು ಹಾದುಹೋಗುವಂತೆ ತಿರುಗಿತ್ತು. ಇವಾನ್ಸ್ ಎರಡು ತುಂಡಾಗಿ, 74 ನಾವಿಕರು ಪ್ರಾಣ ಕಳೆದುಕೊಂಡರು. ಸ್ನೇಹಪರ ದೇಶಗಳ ನೌಕೆಗಳೂ ಸಾಕಷ್ಟು ಅಭ್ಯಾಸವಿಲ್ಲದಿದ್ದಲ್ಲಿ ಒಂದಕ್ಕೊಂದು ಅಪಾಯಕಾರಿಯಾಗಬಲ್ಲವು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂತಹ ಹೊಂದಾಣಿಕೆಯು ಪ್ರಕೃತಿ ವಿಕೋಪದ ಸಂದರ್ಭದಲ್ಲಿಯೂ ಉಪಯೋಗಕ್ಕೆ ಬರುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ತರುವಾಯ ಭಾರತೀಯ ನೌಕಾಪಡೆಯು ಸ್ವದೇಶದ ಕರಾವಳಿಯಲ್ಲದೆ ಶ್ರೀಲಂಕಾ, ಮಾಲ್ಡೀವ್ಸ್ ಮತ್ತು ಇಂಡೋನೇಷ್ಯಾಗಳಿಗೂ ಪರಿಹಾರ ನೌಕೆಗಳನ್ನು ಕಳುಹಿಸಿತು. ಅಂದು ಪರಿಹಾರ ಕಾರ್ಯವನ್ನು ಸಮನ್ವಯಗೊಳಿಸಿದ ಭಾರತ, ಅಮೆರಿಕ, ಜಪಾನ್ ಮತ್ತು ಆಸ್ಟ್ರೇಲಿಯಾ ದೇಶಗಳೇ ಇಂದು ಮಲಬಾರ್ ಸಮರಾಭ್ಯಾಸದ ಪಾಲುದಾರ ದೇಶಗಳಾಗಿವೆ.

7. ಇಂಧನ ಮತ್ತು ಸಾಮಗ್ರಿಗಳ ಲೆಕ್ಕ

ಒಂದು ದೇಶದ ನೌಕೆಯು ಇನ್ನೊಂದು ದೇಶದಿಂದ ಪಡೆಯುವ ಇಂಧನ, ಆಹಾರ, ಬಿಡಿಭಾಗಗಳು ಉಚಿತವಾಗಿರುತ್ತವೆ ಎಂಬ ಅಭಿಪ್ರಾಯ ಸರಿಯಲ್ಲ. ಇವುಗಳ ಲೆಕ್ಕವನ್ನಿಟ್ಟು, ಮೌಲ್ಯವನ್ನು ನಂತರ ಪಾವತಿಸಲು ಅಥವಾ ಸರಿದೂಗಿಸಲು ಪರಸ್ಪರ ಸರಬರಾಜು ಒಪ್ಪಂದಗಳನ್ನು ಮಾಡಿಕೊಳ್ಳಲಾಗಿದೆ. ಭಾರತವು 2016ರ ಆಗಸ್ಟ್‌ನಲ್ಲಿ ಅಮೆರಿಕದೊಡನೆ, 2020ರ ಜೂನ್‌ನಲ್ಲಿ ಆಸ್ಟ್ರೇಲಿಯಾದೊಡನೆ ಮತ್ತು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಪಾನಿನೊಡನೆ ಇಂತಹ ಒಪ್ಪಂದಗಳಿಗೆ ಸಹಿ ಮಾಡಿದೆ. ಅಮೆರಿಕದೊಡನೆ ಮಾಡಿಕೊಂಡ ಒಪ್ಪಂದವು ಭಾರತದ ನೆಲದಲ್ಲಿ ಸೇನಾ ನೆಲೆ ಸ್ಥಾಪಿಸಲು ಅವಕಾಶ ನೀಡುವುದಿಲ್ಲ.

8. ಸಾಗರ ವಲಯಗಳು ಮತ್ತು ಕರ್ನಾಟಕದ ಕರಾವಳಿ

1976ರ ಸಾಗರ ವಲಯಗಳ ಅಧಿನಿಯಮದ ಅನ್ವಯ ಭಾರತದ ಪ್ರಾದೇಶಿಕ ಸಮುದ್ರವು 12 ನಾಟಿಕಲ್ ಮೈಲುಗಳವರೆಗೆ ಹಾಗೂ ಅನನ್ಯ ಆರ್ಥಿಕ ವಲಯವು 200 ನಾಟಿಕಲ್ ಮೈಲುಗಳವರೆಗೆ ವ್ಯಾಪಿಸಿದೆ. ಒಂದು ನಾಟಿಕಲ್ ಮೈಲು 1.852 ಕಿಲೋಮೀಟರಿಗೆ ಸಮ. ವಿಶ್ವಸಂಸ್ಥೆಯ ಸಾಗರ ಕಾನೂನು ಒಡಂಬಡಿಕೆಯನ್ನು 1995ರಲ್ಲಿ ಅನುಮೋದಿಸುವಾಗ, ತನ್ನ ಸಮ್ಮತಿಯಿಲ್ಲದೆ ಅನ್ಯ ದೇಶಗಳು ಈ ಆರ್ಥಿಕ ವಲಯದಲ್ಲಿ ಸೈನಿಕ ಅಭ್ಯಾಸಗಳನ್ನು, ವಿಶೇಷವಾಗಿ ಶಸ್ತ್ರಾಸ್ತ್ರ ಅಥವಾ ಸ್ಫೋಟಕಗಳನ್ನು ಬಳಸುವ ಅಭ್ಯಾಸಗಳನ್ನು, ನಡೆಸಲು ಆ ಒಡಂಬಡಿಕೆಯು ಅಧಿಕಾರ ನೀಡುವುದಿಲ್ಲ ಎಂದು ಭಾರತವು ಘೋಷಿಸಿದೆ.

ಕಾರವಾರದ ಐ.ಎನ್.ಎಸ್. ಕದಂಬ ನೌಕಾನೆಲೆಯು ಸೀಬರ್ಡ್ ಯೋಜನೆಯಡಿ ನಿರ್ಮಾಣಗೊಂಡು, 2005ರ ಮೇ 31ರಂದು ಕಾರ್ಯಾರಂಭ ಮಾಡಿತು. 2025ರ ಏಪ್ರಿಲ್ 5ರಂದು ಇಲ್ಲಿಂದ ಐ.ಎನ್.ಎಸ್. ಸುನಯನಾ ನೌಕೆಯು ಒಂಬತ್ತು ಮಿತ್ರರಾಷ್ಟ್ರಗಳ 44 ನೌಕಾ ಸಿಬ್ಬಂದಿಯನ್ನು ಹೊತ್ತು ತರಬೇತಿ ಯಾನಕ್ಕೆ ತೆರಳಿತು. ಅದೇ ತಿಂಗಳು ತಾಂಜಾನಿಯಾದ ದಾರ್ ಎಸ್ ಸಲಾಮ್ ಬಳಿ ಆಫ್ರಿಕಾದ ದೇಶಗಳೊಡನೆ ‘ಐಕ್ಯಮೇ’ ಎಂಬ ಸಮರಾಭ್ಯಾಸ ಜರುಗಿತು.

9. ಮೀನುಗಾರರು ಮತ್ತು ದೋಣಿ ಮಾಲೀಕರ ಗಮನಕ್ಕೆ

ಪಶ್ಚಿಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳು ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧಿತ ಅವಧಿಯಾಗಿದೆ. ಮೇಲೆ ತಿಳಿಸಿದ ಅರಬ್ಬೀ ಸಮುದ್ರದ ಅಭ್ಯಾಸಗಳು ಮಾರ್ಚ್, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ, ಅಂದರೆ ಮೀನುಗಾರಿಕೆಯ ಋತುವಿನಲ್ಲಿಯೇ ನಡೆದಿರುವುದನ್ನು ಗಮನಿಸುವುದು. ಆದುದರಿಂದ ಒಂದೇ ಕಡಲಿನಲ್ಲಿ ಯುದ್ಧನೌಕೆಗಳೂ ಮೀನುಗಾರಿಕಾ ದೋಣಿಗಳೂ ಇರುವ ಸಂಭವ ಹೆಚ್ಚು.

ನೀರಿನಡಿ ಸಾಗುವ ಜಲಾಂತರ್ಗಾಮಿಯು ಇತರ ಹಡಗುಗಳನ್ನು ಮುಖ್ಯವಾಗಿ ಅವುಗಳ ಯಂತ್ರದ ಶಬ್ದದಿಂದ ಗುರುತಿಸುತ್ತದೆ. ಬಲೆ ಬಿಟ್ಟು ಯಂತ್ರ ನಿಲ್ಲಿಸಿ ತೇಲುತ್ತಿರುವ ದೋಣಿಯಿಂದ ಶಬ್ದ ಹೊರಡುವುದಿಲ್ಲವಾದ್ದರಿಂದ ಅದನ್ನು ಗುರುತಿಸುವುದು ಕಷ್ಟ. 2024ರ ನವೆಂಬರ್ 21ರಂದು ಗೋವಾ ತೀರದಿಂದ ಸುಮಾರು 70 ನಾಟಿಕಲ್ ಮೈಲು ದೂರದಲ್ಲಿ ನೌಕಾಪಡೆಯ ಜಲಾಂತರ್ಗಾಮಿ ಮತ್ತು ಮೀನುಗಾರಿಕಾ ದೋಣಿಯ ನಡುವೆ ಡಿಕ್ಕಿ ಸಂಭವಿಸಿತು. ದೋಣಿಯಲ್ಲಿದ್ದ 13 ಮಂದಿಯ ಪೈಕಿ 11 ಮಂದಿಯನ್ನು ರಕ್ಷಿಸಲಾಯಿತು, ಇಬ್ಬರು ಮೃತಪಟ್ಟರು. ಇದು ಜಂಟಿ ಸಮರಾಭ್ಯಾಸದ ವೇಳೆ ನಡೆದ ಘಟನೆಯಲ್ಲವಾದರೂ, ಕೆಳಕಂಡ ಕ್ರಮಗಳ ಮಹತ್ವವನ್ನು ತಿಳಿಸುತ್ತದೆ.

(1) ಗುಂಡು ಹಾರಿಸುವ ಅಭ್ಯಾಸಗಳ ಪ್ರದೇಶ ಮತ್ತು ಸಮಯವನ್ನು ನೌಕಾಯಾನ ಎಚ್ಚರಿಕೆಗಳ ಮೂಲಕ ಪ್ರಕಟಿಸಲಾಗುತ್ತದೆ. ಪ್ರಪಂಚದ ಸಮುದ್ರಗಳನ್ನು ಈ ಉದ್ದೇಶಕ್ಕಾಗಿ 21 ವಲಯಗಳಾಗಿ ವಿಂಗಡಿಸಿದ್ದು, ಭಾರತವನ್ನೊಳಗೊಂಡ 8ನೆಯ ವಲಯದ ಸಮನ್ವಯವನ್ನು ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ನಿರ್ವಹಿಸುತ್ತದೆ.

(2) ದಡದಿಂದ ದೂರ ಹೋದಂತೆ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಆದ್ದರಿಂದ ವಾರಗಟ್ಟಲೆ ಆಳಸಮುದ್ರ ಮೀನುಗಾರಿಕೆಗೆ ತೆರಳುವ ದೋಣಿಗಳ ತಾಂಡೇಲರು ಬಂದರು ಬಿಡುವ ಮುನ್ನವೇ ಚಾಲ್ತಿಯಲ್ಲಿರುವ ಎಚ್ಚರಿಕೆಗಳನ್ನು ಬಂದರು ಅಥವಾ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ, ಅಕ್ಷಾಂಶ–ರೇಖಾಂಶಗಳನ್ನು ಬರೆದುಕೊಳ್ಳತಕ್ಕದ್ದು.

(3) ವಿ.ಎಚ್.ಎಫ್. ರೇಡಿಯೋದ 16ನೆಯ ಚಾನೆಲ್ಲನ್ನು ಸದಾ ಆಲಿಸುತ್ತಿರತಕ್ಕದ್ದು. ಯುದ್ಧನೌಕೆಯಿಂದ ಕರೆ ಬಂದಲ್ಲಿ ಉತ್ತರಿಸಿ, ಸೂಚನೆಯಂತೆ ನಡೆಯತಕ್ಕದ್ದು.

(4) ಹಗಲಿನಲ್ಲಿ ಮೇಲಿನಿಂದ ಕೆಳಕ್ಕೆ ಗೋಲ, ವಜ್ರಾಕೃತಿ, ಗೋಲ ಎಂಬ ಕಪ್ಪು ಆಕೃತಿಗಳನ್ನು ಅಥವಾ ರಾತ್ರಿ ಕೆಂಪು, ಬಿಳಿ, ಕೆಂಪು ದೀಪಗಳನ್ನು ತೋರಿಸುವ ಹಡಗು ದಿಕ್ಕು ಬದಲಿಸಲು ಅಸಮರ್ಥವಾಗಿರುತ್ತದೆ. ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ, ಮೀನು ಹಿಡಿಯುತ್ತಿರುವ ದೋಣಿಯೂ ಸಾಧ್ಯವಾದಷ್ಟು ಮಟ್ಟಿಗೆ ಅದಕ್ಕೆ ದಾರಿ ಬಿಡತಕ್ಕದ್ದು.

(5) ಮೂರು ಹಸಿರು ದೀಪ ಅಥವಾ ಮೂರು ಗೋಲಗಳನ್ನು ತೋರಿಸುವ ನೌಕೆಯು ಸ್ಫೋಟಕ ಸಿಡಿಗುಂಡುಗಳನ್ನು ತೆರವುಗೊಳಿಸುವ ಕಾರ್ಯದಲ್ಲಿರುತ್ತದೆ. ಅದರ 1000 ಮೀಟರ್ ಒಳಗೆ ಹೋಗತಕ್ಕದ್ದಲ್ಲ.

(6) ಮೀನು ಹಿಡಿಯುವಾಗ ದೋಣಿಯು ತನ್ನ ದೀಪಗಳನ್ನು ಕಡ್ಡಾಯವಾಗಿ ಉರಿಸತಕ್ಕದ್ದು. ಟ್ರಾಲ್ ದೋಣಿಗೆ ಹಸಿರಿನ ಕೆಳಗೆ ಬಿಳಿ, ಇತರ ಮೀನುಗಾರಿಕಾ ದೋಣಿಗಳಿಗೆ ಕೆಂಪಿನ ಕೆಳಗೆ ಬಿಳಿ ದೀಪವನ್ನು ನಿಗದಿಪಡಿಸಲಾಗಿದೆ. ಬಲೆ ಬಿಟ್ಟು ಎಲ್ಲರೂ ನಿದ್ರಿಸದೆ, ಒಬ್ಬರಾದರೂ ಸರದಿಯಂತೆ ಕಾವಲಿರಬೇಕು.

(7) ಸಮುದ್ರದಲ್ಲಿ ತೇಲುವ ಅಥವಾ ಬಲೆಗೆ ಸಿಕ್ಕುವ ಅಪರಿಚಿತ ಲೋಹದ ವಸ್ತುಗಳನ್ನು ಬಿಚ್ಚುವ ಅಥವಾ ದಡಕ್ಕೆ ತರುವ ಪ್ರಯತ್ನ ಮಾಡದೆ, ಸ್ಥಳವನ್ನು ಗುರುತಿಸಿಕೊಂಡು ವರದಿ ಮಾಡತಕ್ಕದ್ದು.

ತುರ್ತು ಸಂದರ್ಭದಲ್ಲಿ ಭಾರತೀಯ ತಟರಕ್ಷಣಾ ಪಡೆಯ (ಕೋಸ್ಟ್ ಗಾರ್ಡ್) ಸಹಾಯವಾಣಿ 1554 ಅಥವಾ ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093ಕ್ಕೆ ಕರೆ ಮಾಡಬಹುದು.

10. ಮಾಹಿತಿ ಕೋರುವ ಅರ್ಜಿದಾರರಿಗೆ ಸೂಚನೆ

ಸಮರಾಭ್ಯಾಸಗಳ ಬಗ್ಗೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಮಾಹಿತಿ ಬಯಸುವವರು ರಾಜ್ಯದ ಕಚೇರಿಗಳ ಬದಲು ಕೇಂದ್ರ ರಕ್ಷಣಾ ಸಚಿವಾಲಯ ಅಥವಾ ನೌಕಾಪಡೆಯ ಕೇಂದ್ರ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನೇರವಾಗಿ ಅರ್ಜಿ ಸಲ್ಲಿಸಿದಲ್ಲಿ ಕಾಲಹರಣ ತಪ್ಪುತ್ತದೆ. ಅರ್ಜಿ ಶುಲ್ಕ ರೂ. 10 ಮಾತ್ರ. ಬಡತನ ರೇಖೆಗಿಂತ ಕೆಳಗಿರುವವರಿಗೆ ವಿನಾಯಿತಿ ಇದೆ. ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಯನ್ನು ಕಲಂ 8(1)(ಎ) ಅನ್ವಯ ನಿರಾಕರಿಸಬಹುದಾಗಿದೆ. ನೌಕಾನೆಲೆಯ ನಿಷೇಧಿತ ಪ್ರದೇಶದ ಛಾಯಾಚಿತ್ರ ತೆಗೆಯುವುದು 1923ರ ಅಧಿಕೃತ ರಹಸ್ಯಗಳ ಅಧಿನಿಯಮದಡಿ ಕ್ರಮಕ್ಕೆ ಗುರಿಪಡಿಸಬಹುದು.

ದೋಣಿ ನೋಂದಣಿ, ಪರವಾನಗಿ ಮತ್ತು ಮೀನುಗಾರರ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸುವವರು ಮೇಲ್ಕಂಡ 9ನೆಯ ಕಂಡಿಕೆಯನ್ನು ಓದಿ, ತಮ್ಮ ದೋಣಿಯ ಸಿಬ್ಬಂದಿಗೂ, ವಿಶೇಷವಾಗಿ ಓದಲು ಬಾರದವರಿಗೂ, ತಿಳಿಯಪಡಿಸಬೇಕೆಂದು ಕೋರಲಾಗಿದೆ.