ಯಾರ ಕೈ, ಯಾರ ಹೆಸರು: ಡ್ಯೂಮಾ ಮತ್ತು ಮಾಕೆ

ನಮ್ಮ ಹುಡುಗರು ಏನಾದರೂ ಚೆನ್ನಾಗಿ ಬರೆದರೆ ಕೆಲವು ಮೇಷ್ಟರುಗಳ ಬಾಯಿಂದ ಮೊದಲು ಬರುವ ಮಾತು ಒಂದೇ: 'ಯಾರ ಹತ್ರ ಬರೆಸಿಕೊಂಡು ಬಂದೆಯೋ?' ಈ ಮಾತಿನ ಏಟು ತಿಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ. ಆದ್ದರಿಂದ ಒಂದು ಕೃತಿಯಲ್ಲಿ ಯಾರ ಪಾಲು ಎಷ್ಟು ಎಂದು ವಿದ್ವಾಂಸರು ಅಳೆಯಲು ಕೂತಾಗ ನಮಗೆ ಅದು ಬರೀ ಸಾಹಿತ್ಯದ ಚರ್ಚೆಯಾಗಿ ಕಾಣುವುದಿಲ್ಲ. ಅಳೆಯುವವನು ಯಾರು, ಯಾಕೆ ಅಳೀತಾ ಇದ್ದಾನೆ ಅಂತ ಮೊದಲು ನೋಡುತ್ತೇವೆ. ಹಾಗೆಯೇ, ದುಡಿದವನು ಒಬ್ಬ, ಹೆಸರು ಇನ್ನೊಬ್ಬನದು ಅನ್ನುವ ಕತೆಯೂ ನಮಗೆ ಹೊಸದಲ್ಲ. ಈ ಎರಡೂ ಒಂದಕ್ಕೊಂದು ಗಂಟುಬಿದ್ದ ಪ್ರಸಂಗವೊಂದು ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿದೆ.

'ತ್ರೀ ಮಸ್ಕೆಟಿಯರ್ಸ್', 'ಕೌಂಟ್ ಆಫ್ ಮಾಂಟೆ ಕ್ರಿಸ್ಟೊ' ಬರೆದವರು ಯಾರು ಎಂದರೆ ಯಾರಾದರೂ ಅಲೆಕ್ಸಾಂಡರ್ ಡ್ಯೂಮಾ ಅಂತಾರೆ. ಪುಸ್ತಕದ ಮೇಲೆ ಇರುವುದೂ ಅದೇ. ಆದರೆ ಆ ಹೆಸರಿನ ಹಿಂದೆ ಒಬ್ಬ ಇತಿಹಾಸದ ಮೇಷ್ಟ್ರಿದ್ದ. ಆಗಸ್ಟ್ ಮಾಕೆ. ಹುಟ್ಟಿದ್ದು 1813ರಲ್ಲಿ, ಪಾಠ ಹೇಳಿದ್ದು ಪ್ಯಾರಿಸಿನ ಶಾರ್ಲಮೇನ್ ಶಾಲೆಯಲ್ಲಿ. 1838ರಲ್ಲಿ ಕವಿ ಜೆರಾರ್ ದ ನೆರ್ವಾಲ್ ಇವನ ಒಂದು ನಾಟಕವನ್ನು ಡ್ಯೂಮಾನ ಕೈಗಿಟ್ಟ. ಡ್ಯೂಮಾ ಅದನ್ನು ತಿದ್ದಿದ, ಅದು ರಂಗಕ್ಕೆ ಬಂತು. ಆಮೇಲೆ ಮಾಕೆ ಒಂದು ಸಣ್ಣ ಕಾದಂಬರಿ ತಂದುಕೊಟ್ಟ. ಡ್ಯೂಮಾ ಅದನ್ನು ಹಿಗ್ಗಿಸಿ ದೊಡ್ಡದು ಮಾಡಿದ. ಇಬ್ಬರ ಹೆಸರನ್ನೂ ಹಾಕೋಣ ಎಂದು ಡ್ಯೂಮಾನೇ ಹೇಳಿದ್ದನಂತೆ. ಪತ್ರಿಕೆಯ ಧಣಿ ಒಪ್ಪಲಿಲ್ಲ. ಡ್ಯೂಮಾನ ಒಂಟಿ ಹೆಸರಿದ್ದರೆ ಸಾಲಿಗೆ ಮೂರು ಫ್ರಾಂಕ್, ಪಕ್ಕದಲ್ಲಿ ಮಾಕೆಯ ಹೆಸರು ಬಿದ್ದರೆ ಅದರರ್ಧ ಎಂದು ಆತ ಲೆಕ್ಕ ಹೇಳಿದನೆಂಬ ಮಾತಿದೆ. ಹೆಸರು ಅಳಿಸಿದ್ದು ಕಲೆಯ ಕಾರಣಕ್ಕಲ್ಲ, ಸಂತೆಯ ಕಾರಣಕ್ಕೆ ಎಂಬುದನ್ನು ಗೆಳೆಯರು ಗಮನಿಸಬೇಕು.

ಇನ್ನು ಡ್ಯೂಮಾ ಎಂಬ ಹೆಸರು ಎಲ್ಲಿಂದ ಬಂತು ಅಂತ ನೋಡಿ. ಇವನ ಅಜ್ಜಿ ಮಾರಿ-ಸೆಸೆಟ್ ಈಗಿನ ಹೈಟಿಯಲ್ಲಿ ಗುಲಾಮಳಾಗಿದ್ದ ಕಪ್ಪು ಹೆಂಗಸು. ಅಜ್ಜ ಫ್ರೆಂಚ್ ಕುಲೀನ. ಊರಿಗೆ ಮರಳುವ ಹಡಗಿನ ಖರ್ಚಿಗೆಂದು ಆ ಮಹಾನುಭಾವ ಸ್ವಂತ ಮಗನನ್ನೇ ಅಡವಿಟ್ಟು ಆಮೇಲೆ ಬಿಡಿಸಿಕೊಂಡ. ಆ ಮಗ ದೊಡ್ಡವನಾಗಿ 1786ರಲ್ಲಿ ಸೈನ್ಯ ಸೇರುವಾಗ ಅಪ್ಪನ ಮನೆತನದ ಹೆಸರನ್ನು ಬದಿಗಿಟ್ಟು ತಾಯಿಯ ಕಡೆಯ ಡ್ಯೂಮಾ ಎಂಬ ಹೆಸರನ್ನೇ ಬರೆಸಿದ. ಕ್ರಾಂತಿಯ ಸೈನ್ಯದಲ್ಲಿ ಜನರಲ್ ಆದ. ಕಾದಂಬರಿಕಾರ ಅವನ ಮಗ, ಹುಟ್ಟಿದ್ದು 1802ರಲ್ಲಿ. ಅದೇ ವರ್ಷ ನೆಪೋಲಿಯನ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ಜಾರಿಗೆ ತಂದ. ಅದು ಕೊನೆಗೆ ತೊಲಗಿದ್ದು 1848ರಲ್ಲಿ.

ಈ ನಡುವೆ, 1845ರಲ್ಲಿ, ಮಿರ್ಕೂರ್ ಎಂಬುವನು ಡ್ಯೂಮಾನ ಮೇಲೆ ಒಂದು ಕರಪತ್ರ ಬಿಟ್ಟ. ಡ್ಯೂಮಾನದು ಕಾದಂಬರಿ ಕಾರ್ಖಾನೆ, ಅಲ್ಲಿ ಬೇರೆಯವರು ಬರೀತಾರೆ, ಇವನು ರುಜು ಹಾಕ್ತಾನೆ ಎಂಬುದು ಆರೋಪ. ಇಷ್ಟಕ್ಕೇ ನಿಲ್ಲಿಸಿದ್ದರೆ ಕೂಲಿಯ ಪ್ರಶ್ನೆ ಎತ್ತಿದ ಅಂತ ನಾವೂ ಅವನ ಬೆನ್ನು ತಟ್ಟುತ್ತಿದ್ದೆವೇನೋ. ಅವನು ನಿಲ್ಲಿಸಲಿಲ್ಲ. ಚರ್ಮ ಕೆರೆದರೆ ಒಳಗೆ ಕಾಡುಮನುಷ್ಯ ಸಿಕ್ತಾನೆ ಎಂದು ಬರೆದ. ಬೆರಕೆ ರಕ್ತದವನ ಚಾವಟಿಯ ಕೆಳಗೆ ಬಿಳಿಯರು ನೀಗ್ರೋಗಳ ಹಾಗೆ ದುಡೀತಿದ್ದಾರೆ ಎಂದು ಹಳಹಳಿಸಿದ. ಬೇರೊಬ್ಬರ ಹೆಸರಿಗೆ ಬರೆದುಕೊಡುವವನನ್ನು ಫ್ರೆಂಚಿನಲ್ಲಿ 'ನೀಗ್ರೋ' ಎಂದೇ ಕರೆಯುತ್ತಿದ್ದರು. ಆ ಬೈಗುಳದಂಥ ಪದ ಮೊನ್ನೆ ಮೊನ್ನೆಯವರೆಗೂ ನಡೆಯಿತು. ಬದಲಿಗೆ 'ಲೇಖನಿ ಎರವಲು ಕೊಡುವವ' ಎಂಬರ್ಥದ ಪದ ಬಳಸಿ ಎಂದು ಅಲ್ಲಿನ ಸಂಸ್ಕೃತಿ ಇಲಾಖೆ ಸೂಚಿಸಿದ್ದು 2017ರಲ್ಲಿ. ವಸಾಹತುಗಳಲ್ಲಿ ಇನ್ನೂ ಗುಲಾಮರು ಕಬ್ಬು ಕಡಿಯುತ್ತಿದ್ದ ಕಾಲಕ್ಕೆ, ಗುಲಾಮಳ ಮೊಮ್ಮಗನನ್ನು ಹೊಡೆಯಲು ಈ ಪದ ಸಿಕ್ಕಿತು. ಡ್ಯೂಮಾ ಕೋರ್ಟಿಗೆ ಹೋದ, ಮಿರ್ಕೂರನಿಗೆ ಹದಿನೈದು ದಿನ ಜೈಲಾಯಿತು. ಅಂದಹಾಗೆ ಮಿರ್ಕೂರ್ ಎಂಬುದು ಅವನ ಹೆಸರೇ ಅಲ್ಲ, ಹುಟ್ಟಿದ ಊರಿನ ಹೆಸರು. ಅಸಲಿ ಹೆಸರು ಜಾಕೋ.

ಮಿರ್ಕೂರ್ ಕೆಟ್ಟವನಾದ್ದರಿಂದ ಮಾಕೆಯ ಪಾಲು ಸುಳ್ಳಾಗುವುದಿಲ್ಲ. ಇಲ್ಲಿ ನಮ್ಮವರೂ ಎಡವುತ್ತಾರೆ. ಅದೇ ವರ್ಷದ ಮಾರ್ಚಿಯಲ್ಲಿ ಮಾಕೆ ಒಂದು ಕಾಗದ ಬರೆದುಕೊಟ್ಟ: ನನಗೆ ಬರಬೇಕಾದ್ದು ಬಂದಿದೆ, ಈ ಪುಸ್ತಕಗಳ ಮೇಲೆ ಹಕ್ಕು ಕೇಳುವುದಿಲ್ಲ ಅಂತ. ಧಣಿಗೆ ಕಷ್ಟ ಬಂದಾಗ ಆಳು ಒತ್ತುವ ಹೆಬ್ಬೆಟ್ಟು ನಮಗೆ ಗೊತ್ತಿಲ್ಲವೇ? ಆದರೆ ಪಾಪ, ಡ್ಯೂಮಾನ ಮೇಲೆ ಅವನಿಗೆ ಪ್ರೀತಿಯೂ ಇತ್ತು. ಆಮೇಲೆ ಡ್ಯೂಮಾ ಸಾಲದಲ್ಲಿ ಮುಳುಗಿ 1851ರಲ್ಲಿ ಬ್ರಸೆಲ್ಸಿಗೆ ಹೋದ. ಮಾಕೆಯ ಬಾಕಿ ನಿಂತಿತು. ಅವನು ದಾವೆ ಹೂಡಿದ. 1858ರ ತೀರ್ಪು ಹಣದ ಮಾತನ್ನು ಒಪ್ಪಿತು, ಹೆಸರಿನ ಮಾತನ್ನು ಒಪ್ಪಲಿಲ್ಲ.

ಹಾಗಾದರೆ ಯಾವುದು ಯಾರದು ಅಂತ ಹೇಗೆ ತಿಳಿಯುವುದು? ಕೈಬರಹ ನೋಡಿ ಅಂತೀರಾ, ಅಲ್ಲೇ ಮೋಸ ಹೋಗುತ್ತೇವೆ. ಮಾಕೆ ಇತಿಹಾಸದ ಪುಸ್ತಕಗಳನ್ನು ಜಾಲಾಡಿ ಅಧ್ಯಾಯದ ಕರಡು ಮಾಡಿ ಕೊಡುತ್ತಿದ್ದ. ಡ್ಯೂಮಾ ಅದನ್ನು ಪಕ್ಕದಲ್ಲಿಟ್ಟುಕೊಂಡು ನೀಲಿ ಕಾಗದದ ಮೇಲೆ ಮೊದಲಿಂದ ತಾನೇ ಬರೆಯುತ್ತಿದ್ದ. ಹೀಗಾಗಿ ಅಚ್ಚಿಗೆ ಹೋದ ಹಸ್ತಪ್ರತಿಯೆಲ್ಲ ಡ್ಯೂಮಾನ ಅಕ್ಷರ. ಅಕ್ಷರ ಅವನದಾದ ಮಾತ್ರಕ್ಕೆ ವಾಕ್ಯವೂ ಅವನದೇ ಆಗಬೇಕಿಲ್ಲ. ಈಗಿನ ಪಂಡಿತರು ಕಂಪ್ಯೂಟರಿನಲ್ಲಿ ಸಣ್ಣಪುಟ್ಟ ಪದಗಳನ್ನು ಎಣಿಸುತ್ತಾರೆ: ನಮ್ಮಲ್ಲಿ 'ಆದರೆ', 'ಮತ್ತು', 'ಅಂತ' ಇದ್ದ ಹಾಗೆ, ಬರೆಯುವವನಿಗೇ ಗೊತ್ತಿಲ್ಲದೆ ಉದುರುವ ಪದಗಳು. ಬೇರೆ ಬೇರೆ ಅಧ್ಯಾಯ ಬೇರೆ ಬೇರೆಯವರು ಬರೆದಿದ್ದರೆ ಈ ಲೆಕ್ಕ ಹಿಡಿಯುತ್ತದೆ. ಒಬ್ಬನ ಕರಡಿನ ಮೇಲೆ ಇನ್ನೊಬ್ಬ ಸಾಲು ಸಾಲಾಗಿ ಹಾದುಹೋಗಿದ್ದರೆ ಎರಡು ಕೈಯೂ ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಅಂಬಲಿಯಲ್ಲಿ ಉಪ್ಪು ಹುಡುಕಿದ ಹಾಗೆ.

ಎರಡು ಸಾಕ್ಷಿಗಳು ಮಾತ್ರ ಗಟ್ಟಿ. ಒಂದು, ಪತ್ರಿಕೆಯವನೊಬ್ಬ ಕೊಟ್ಟದ್ದು. ಒಂದು ಸಂಜೆ ಧಾರಾವಾಹಿಯ ಕಂತು ಕಳೆದುಹೋಯಿತು, ಮಾಕೆಯನ್ನು ಕರೆಸಿ ಕೂರಿಸಿದರು, ಅವನು ನೆನಪಿನಿಂದ ಬರೆದುಕೊಟ್ಟ. ಆಮೇಲೆ ಡ್ಯೂಮಾನ ಪ್ರತಿ ಸಿಕ್ಕಿತು. ಐನೂರು ಸಾಲಿನಲ್ಲಿ ಮೂವತ್ತು ಪದ ವ್ಯತ್ಯಾಸವಂತೆ. ಇದು ಮಾಕೆಯ ಪರ. ಇನ್ನೊಂದು, 1919ರಲ್ಲಿ ಗುಸ್ತಾವ್ ಸಿಮೋನ್ ಮಾಕೆಯ ಕಾಗದಪತ್ರಗಳಿಂದ ಪ್ರಕಟಿಸಿದ ಕರಡು. 'ತ್ರೀ ಮಸ್ಕೆಟಿಯರ್ಸ್'ನ ಕೊನೆಯಲ್ಲಿ ಮಿಲೇಡಿಯ ತಲೆ ಕಡಿಯುವ ಪ್ರಸಂಗ ಮಾಕೆ ಬರೆದದ್ದು ಹೇಗಿತ್ತು, ಅಚ್ಚಾದದ್ದು ಹೇಗಿದೆ ಅಂತ ಎದುರೆದುರು ಇಟ್ಟ. ಏನಾಗುತ್ತದೆ, ಯಾವುದರ ಹಿಂದೆ ಯಾವುದು ಎಂಬುದೆಲ್ಲ ಮಾಕೆಯಲ್ಲೇ ಇದೆ. ಆ ರಾತ್ರಿಯ ಭಯ, ಜನ ಎದುರುಬದುರು ನಿಂತು ಆಡುವ ಮಾತು ಡ್ಯೂಮಾನ ಕೈಯಲ್ಲಿ ಬೆಳೆದಿದೆ. ನಾವು ಕೇಳುವುದು ಇಷ್ಟೆ: ಬೀಜ ಬಿತ್ತಿದವನ ಹೆಸರನ್ನು ಪಹಣಿಯಿಂದ ಯಾಕೆ ತೆಗೆದಿರಿ?

'ಮಾಂಟೆ ಕ್ರಿಸ್ಟೊ'ದ ವಿಷಯದಲ್ಲಿ ಡ್ಯೂಮಾನೇ ಬಾಯಿಬಿಟ್ಟಿದ್ದಾನೆ. ಕತೆಯನ್ನು ರೋಮಿನಿಂದ ಶುರುಮಾಡಬೇಕೆಂದಿದ್ದ. ಆ ಹುಡುಗನ ಮದುವೆ, ಮೋಸ, ಸೆರೆಮನೆ ಇವನ್ನೆಲ್ಲ ಬಿಟ್ಟುಬಿಡ್ತೀಯಾ, ಅದೇ ಅಲ್ವಾ ಕತೆ ಎಂದು ಮಾಕೆ ಹೇಳಿದ್ದರಿಂದ ಮಾರ್ಸೇಲ್ಸಿನಿಂದ ಶುರುವಾಯಿತು. ಇಂಥ ಒಂದು ಮಾತನ್ನು ಯಾವ ಯಂತ್ರ ಎಣಿಸುತ್ತದೆ? ಅದರಲ್ಲೂ ಮೂಲ ಕತೆ ಇಬ್ಬರದೂ ಅಲ್ಲ, ಪೊಲೀಸ್ ಕಡತ ನೋಡಿಕೊಳ್ಳುತ್ತಿದ್ದ ಪೆಶೆ ಎಂಬುವನದು. ದಾರ್ತಾನ್ಯಾನ ಕತೆಯೂ ಅಷ್ಟೆ, 1700ರಲ್ಲಿ ಕೂರ್ತಿಲ್ ಎಂಬುವನು ಬರೆದ ಪುಸ್ತಕದಿಂದ ಎತ್ತಿದ್ದು.

ಮಾಕೆ ಒಬ್ಬನೇ ಬರೆದದ್ದನ್ನು ಇವತ್ತು ಯಾರು ಓದುತ್ತಾರೆ ಎಂದು ಡ್ಯೂಮಾನ ಅಭಿಮಾನಿಗಳು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಮಾಕೆ ಬಿಟ್ಟುಹೋದ ಮೇಲೆ ಡ್ಯೂಮಾ ಬರೆದ ಯಾವ ಕಾದಂಬರಿಯೂ ಆ ಎರಡರಷ್ಟು ಓದುಗರನ್ನು ಕಂಡಿಲ್ಲ.

2002ರಲ್ಲಿ ಡ್ಯೂಮಾನ ಅವಶೇಷಗಳನ್ನು ಪ್ಯಾಂಥಿಯನ್ನಿಗೆ ಸಾಗಿಸಿದರು, ಗುಲಾಮಳ ಮೊಮ್ಮಗ ರಾಷ್ಟ್ರದ ಗುಡಿ ಸೇರಿದ. 2010ರಲ್ಲಿ ಇಬ್ಬರ ಮೇಲೂ ಒಂದು ಸಿನಿಮಾ ಬಂತು. ಮಾಕೆಗೆ ನ್ಯಾಯ ಕೊಡಿಸಲು ಹೊರಟ ಆ ಸಿನಿಮಾದಲ್ಲಿ ಡ್ಯೂಮಾನ ಪಾತ್ರವನ್ನು ಬಿಳಿಯ ನಟ ದೆಪಾರ್ದ್ಯೂಗೆ ಗುಂಗುರು ಕೂದಲು ಕಟ್ಟಿ ಮಾಡಿಸಿದರು. ಕಪ್ಪುಜನರ ಸಂಘಟನೆಗಳು ಪ್ರತಿಭಟಿಸಿದವು. ಮಾಕೆ 1888ರಲ್ಲೇ ತೀರಿಕೊಂಡಿದ್ದ. ಪ್ಯಾರಿಸಿನ ಪೆರ್ ಲಾಶೇಸ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಆ ಕಲ್ಲಿನ ಮೇಲೆ ಅವನ ಹೆಸರಿನ ಜೊತೆಗೆ ಕಾದಂಬರಿಗಳ ಹೆಸರುಗಳನ್ನೂ ಕೆತ್ತಿದ್ದಾರೆ.