ಹೊಸ ಹಬ್ಬದ ಹಳೆಯ ತೆನೆ

ಕಳೆದ ವರ್ಷ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನಿಂದ ಬರೆದ ಪತ್ರ ನನ್ನನ್ನು ಪೇಚಿಗೆ ಸಿಕ್ಕಿಸಿತು. ಬಿ.ಎ. ತರಗತಿಯಲ್ಲಿ ನನ್ನ ಜಾನಪದ ಪಾಠಗಳನ್ನು ಕಣ್ಣರಳಿಸಿ ಕೇಳುತ್ತಿದ್ದ ಹುಡುಗಿ. ಈಗ ಬ್ರಿಸ್ಟಲ್ ನಗರದಲ್ಲಿ ಸಂಸಾರ ಹೂಡಿದ್ದಾಳೆ. ಪಕ್ಕದ ಮನೆಯಾಕೆ ಅವಳನ್ನು ಒಂದು ಸಂಜೆ ಹಬ್ಬದೂಟಕ್ಕೆ ಕರೆದಿದ್ದರಂತೆ. ಕ್ರಿಸ್ಮಸ್ಸಲ್ಲ, ಈಸ್ಟರಲ್ಲ, 'ಮಾಬೊನ್' ಎಂಬ ಹಬ್ಬ. ಕಿಟಕಿಯ ಬಳಿ ಒಂದು ಪುಟ್ಟ ಮೇಜು, ಅದರ ಮೇಲೆ ಕೆಂಗಂದು ಬಟ್ಟೆ. ಒಂದು ಕರಿಯ, ಒಂದು ಬಿಳಿಯ ಮೇಣದ ಬತ್ತಿ, ಎರಡೂ ಒಂದೇ ಎತ್ತರ. ಮನೆಯಲ್ಲೇ ಸುಟ್ಟ ಬ್ರೆಡ್ಡು, ಗೋಧಿಯ ತೆನೆಯಿಂದ ಹೆಣೆದ ಬೊಂಬೆ, ಅಡ್ಡಲಾಗಿ ಕತ್ತರಿಸಿದ ಒಂದು ಸೇಬು. ಹಾಗೆ ಕತ್ತರಿಸಿದರೆ ಒಳಗಿನ ಬೀಜದ ಗೂಡು ಐದು ಮೂಲೆಯ ನಕ್ಷತ್ರದಂತೆ ಕಾಣುತ್ತದೆ. ಕುಳಿತವರೆಲ್ಲ ಆ ವರ್ಷ ತಮಗೆ ಕೈಗೂಡಿದ ಒಂದೊಂದನ್ನು ನೆನೆದು ಹೇಳಿದರು, ಕೈತಪ್ಪಿದ್ದನ್ನೂ ಹೇಳಿದರು. ಊಟವಾದಮೇಲೆ ಬ್ರೆಡ್ಡಿನ ಒಂದು ತುಂಡನ್ನು ಹಿತ್ತಲಿನ ಮರದಡಿ ಇಟ್ಟು ಬಂದರು. ನಮ್ಮ ಹುಡುಗಿ ಚಿತ್ರಾನ್ನ ಮಾಡಿಕೊಂಡು ಹೋಗಿದ್ದಳು.

ಇಷ್ಟಾದರೆ ಪೇಚೇನಿಲ್ಲ. ಪತ್ರದ ಕೊನೆಯಲ್ಲಿ ಹೀಗಿತ್ತು: "ಮೇಷ್ಟ್ರೆ, ನೀವು ಪಾಠದಲ್ಲಿ ಹೇಳುತ್ತಿದ್ದ ತೆನೆಯ ತಾಯಿ ಇವಳೇ ಅಲ್ಲವೆ? ಇದು ಸಾವಿರಾರು ವರ್ಷ ಹಳೆಯ ಹಬ್ಬ, ನಮ್ಮ ಮೇಷ್ಟ್ರು ಹೇಳಿದ್ದಾರೆ ಎಂದು ನಾನು ಎಲ್ಲರೆದುರಿಗೂ ಹೇಳಿಬಿಟ್ಟೆ. ನಿಜ ತಾನೆ?"

ನನ್ನ ಹೆಸರಿನಲ್ಲಿ, ನಾನು ಕಾಣದ ಊರಿನಲ್ಲಿ, ನಾನರಿಯದ ಹಬ್ಬಕ್ಕೆ ವಯಸ್ಸು ನಿಗದಿಯಾಗಿ ಹೋಗಿತ್ತು. ಉತ್ತರ ಬರೆಯುವ ಮೊದಲು ಪುಸ್ತಕಗಳನ್ನು ತೆಗೆಯಬೇಕಾಯಿತು.

ಪೇಗನರೆಂದು ತಮ್ಮನ್ನು ಕರೆದುಕೊಳ್ಳುವ ಈ ಜನ ಕ್ರೈಸ್ತಮತ ಬರುವುದಕ್ಕೆ ಮುಂಚಿನ ಯುರೋಪಿನ ದೇವದೇವಿಯರನ್ನು, ಋತುಗಳನ್ನು ಮತ್ತೆ ಆರಾಧಿಸಹೊರಟವರು. ೨೦೨೧ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು ೭೪,೦೦೦ ಮಂದಿ ತಮ್ಮ ಧರ್ಮ ಪೇಗನ್ ಎಂದೂ, ೧೩,೦೦೦ ಮಂದಿ ಅದರದೇ ಒಂದು ಶಾಖೆಯಾದ ವಿಕ್ಕಾ ಎಂದೂ ಬರೆಸಿದ್ದಾರೆ. ಅವರಲ್ಲಿ ಬಹುಮಂದಿಗೆ ವರ್ಷವೊಂದು ಚಕ್ರ. ಅದಕ್ಕೆ ಎಂಟು ಅರ, ಎಂಟು ಹಬ್ಬ. ಅವುಗಳಲ್ಲೊಂದು ಸೆಪ್ಟೆಂಬರ್ ೨೨ ಅಥವಾ ೨೩ರ ಸುಮಾರಿಗೆ ಬೀಳುವ ಶರತ್ಕಾಲದ ವಿಷುವ. ಸೂರ್ಯ ಭೂಮಧ್ಯರೇಖೆಯನ್ನು ದಾಟಿ ದಕ್ಷಿಣಕ್ಕೆ ಇಳಿಯುವ ದಿನ ಅದು. ಹಗಲಿರುಳು ಹೆಚ್ಚುಕಡಮೆ ಸಮ. ನಮಗೆ ಇದೊಂದು ಪಂಚಾಂಗದ ಸಂಗತಿ ಮಾತ್ರ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಯನ್ನು ಮೀರುತ್ತದೆ. ಲಂಡನ್ನಿನಲ್ಲಿ ಅದು ಎಂಟು ಗಂಟೆಗೂ ಕಡಮೆ. ಅಲ್ಲಿಯವರಿಗೆ ಈ ದಿನ ಕಳೆಯಿತೆಂದರೆ ಕತ್ತಲೆ ಮನೆಬಾಗಿಲಿಗೆ ಬಂತೆಂದೇ ಅರ್ಥ. ಆ ಎರಡು ಮೇಣದ ಬತ್ತಿಗಳ ಅರ್ಥ ನನಗೆ ಆಗ ಹೊಳೆಯಿತು.

ನಾನು ತರಗತಿಯಲ್ಲಿ ಹೇಳುತ್ತಿದ್ದುದು ಫ್ರೇಜರನ ಮಾತು. ಅವನ 'ದಿ ಗೋಲ್ಡನ್ ಬೌ' ೧೮೯೦ರಲ್ಲಿ ಎರಡು ಸಂಪುಟವಾಗಿ ಹೊರಟು ಬೆಳೆಬೆಳೆದು ಹನ್ನೆರಡಾಯಿತು. ೧೯೨೨ರಲ್ಲಿ ಸಂಗ್ರಹವಾಗಿ ಒಂದೇ ಸಂಪುಟಕ್ಕೆ ಇಳಿಯಿತು. ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿರುವುದು ಆ ಸಂಗ್ರಹ. ಅದರ ಅಂಚುಗಳಲ್ಲಿ ನನ್ನ ಪೆನ್ಸಿಲಿನ ಗುರುತುಗಳಿವೆ. ಅವನಿಗೂ ಮುಂಚೆ ಜರ್ಮನಿಯ ಮಾನ್‌ಹಾರ್ಟ್ ೧೮೬೫ರಲ್ಲಿ ಹಳ್ಳಿಹಳ್ಳಿಗೆ ಪ್ರಶ್ನಾವಳಿ ಕಳಿಸಿ, ಕೊಯ್ಲಿನ ಕೊನೆಯ ಸಿವುಡನ್ನು ಏನು ಮಾಡುತ್ತೀರಿ, ಅದನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿ ಉತ್ತರಗಳನ್ನು ಕೂಡಿಹಾಕಿದ್ದ. ಪೈರಿನಲ್ಲೊಂದು ಶಕ್ತಿ ಉಂಟು; ಕೊಯ್ಲುಗಾರರ ಕುಡುಗೋಲಿಗೆ ಹೆದರಿ ಅದು ಹಿಂದೆ ಸರಿಯುತ್ತ ಸರಿಯುತ್ತ ಕೊನೆಯ ಹಿಡಿ ತೆನೆಯಲ್ಲಿ ಅಡಗುತ್ತದೆ; ಅದನ್ನು ಬೊಂಬೆಯಾಗಿ ಹೆಣೆದು ಮನೆಯಲ್ಲಿಟ್ಟರೆ ಮುಂದಿನ ಬಿತ್ತನೆಯವರೆಗೆ ಅದು ಬದುಕಿರುತ್ತದೆ. ಹಳ್ಳಿಗರು ಇಂದು ಆಟವೆಂದು ಮಾಡುವುದೆಲ್ಲ ಹಿಂದೊಮ್ಮೆ ಧರ್ಮವಾಗಿತ್ತು ಎಂಬುದು ಇವರಿಬ್ಬರ ವಾದದ ತಿರುಳು. ಎಂಥ ಸೊಗಸಾದ ವಾದ! ನಮ್ಮ ಕಣದ ರಾಶಿಪೂಜೆಗೂ ಅದನ್ನೇ ಹಚ್ಚಿ ಹದಿನೈದು ವರ್ಷ ಪಾಠ ಹೇಳಿದ್ದೇನೆ. ಸೊಗಸು ಪ್ರಮಾಣವಲ್ಲವೆಂಬುದು ಗೊತ್ತಿದ್ದೂ ಮರೆತಿದ್ದೆ.

ಹಾಗಾದರೆ ಇಂಗ್ಲೆಂಡಿನಲ್ಲಿ ಕಣ್ಣಾರೆ ಕಂಡವರು ಬರೆದಿಟ್ಟಿರುವುದೇನು? ೧೫೯೮ರಲ್ಲಿ ಹೆಂಟ್ಸ್‌ನರ್ ಎಂಬ ಜರ್ಮನ್ ಪ್ರವಾಸಿ ವಿಂಡ್ಸರ್ ಬಳಿ ರೈತರು ಕೊನೆಯ ಹೊರೆಯನ್ನು ಹೂ ಮುಡಿಸಿ ತರುತ್ತಿದ್ದುದನ್ನು ಕಂಡ. ಗಾಡಿಯ ಮೇಲೆ ಚೆನ್ನಾಗಿ ಸಿಂಗರಿಸಿದ ಒಂದು ಬೊಂಬೆ; ಸುತ್ತ ಗಂಡಸರು ಹೆಂಗಸರು ಕೂಗುತ್ತ ಹೋಗುತ್ತಿದ್ದರು. ಇದು ರೋಮನರ ಧಾನ್ಯದೇವತೆ ಸೆರೀಸ್ ಇರಬಹುದೇನೋ ಎಂದು ಅವನು ಊಹಿಸಿದ. ಗಮನಿಸಬೇಕು: ಊಹೆ ಲ್ಯಾಟಿನ್ ಓದಿದ ಪ್ರವಾಸಿಯದು, ರೈತರು ಹಾಗೆ ಹೇಳಿದರೆಂದು ಅವನೂ ಬರೆದಿಲ್ಲ. ಸೆಪ್ಟೆಂಬರ್ ಕೊನೆಗೆ ಇಂಗ್ಲೆಂಡಿನ ಹಳ್ಳಿಗರಿಗೆ ನಿಜವಾಗಿ ಮುಖ್ಯವಾಗಿದ್ದ ದಿನ ೨೯ನೆಯ ತಾರೀಖಿನ ಸಂತ ಮೈಕೇಲನ ಹಬ್ಬ. ಗೇಣಿ ತೆರುವುದು, ಲೆಕ್ಕ ಚುಕ್ತಾ ಮಾಡುವುದು, ಆಳುಗಳನ್ನು ಗೊತ್ತುಮಾಡಿಕೊಳ್ಳುವುದು, ಬಾತಿನ ಜಾತಿಯ ದೊಡ್ಡ ಹಕ್ಕಿಯೊಂದನ್ನು ಹುರಿದು ತಿನ್ನುವುದು ಎಲ್ಲವೂ ಆಗ. ಇಗರ್ಜಿಗಳಲ್ಲಿ ಕುಂಬಳ ಸೇಬುಗಳನ್ನು ಜೋಡಿಸಿಟ್ಟು ನಡೆಸುವ ಸುಗ್ಗಿಯ ಪ್ರಾರ್ಥನೆಯಾದರೂ ಹಳೆಯದೆ? ಅದರ ಈಗಿನ ರೂಪ ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಎಂಬ ಹಳ್ಳಿಯಲ್ಲಿ ಹಾಕರ್ ಎಂಬ ಕವಿ-ಪಾದ್ರಿ ೧೮೪೩ರ ಅಕ್ಟೋಬರಿನಲ್ಲಿ ಆರಂಭಿಸಿದ್ದು.

ಐರ್ಲೆಂಡಿನ ಲಾಖ್‌ಕ್ರೂ ಬೆಟ್ಟದ ಮೇಲೆ ಸುಮಾರು ಐದು ಸಾವಿರ ವರ್ಷದ ಒಂದು ಕಲ್ಗೋರಿ ಇದೆ. ವಿಷುವದ ಬೆಳಗಿನ ಬಿಸಿಲು ಅದರ ಓಣಿಯಲ್ಲಿ ನುಗ್ಗಿ ಒಳಗೋಡೆಯ ಕೆತ್ತಿದ ಬಂಡೆಯ ಮೇಲೆ ಬೀಳುತ್ತದೆ. ಆದ್ದರಿಂದ ಈ ದಿನವನ್ನು ಯಾರೂ ಲೆಕ್ಕಿಸಿರಲಿಲ್ಲ ಎನ್ನಲಾಗದು. ಆದರೆ ಆ ಕಲ್ಲಿಗೂ ಬ್ರಿಸ್ಟಲ್ಲಿನ ಮೇಜಿಗೂ ನಡುವೆ ಹಿಡಿದೆಳೆಯಬಹುದಾದ ದಾರವಿಲ್ಲ.

ಹಾಗಿದ್ದಮೇಲೆ ದಾರ ಎಲ್ಲಿಂದ ಶುರುವಾಯಿತು? ಶುರುವಾದದ್ದು ಮುಖ್ಯವಾಗಿ ಗೆರಾಲ್ಡ್ ಗಾರ್ಡನರ್ ಎಂಬ ನಿವೃತ್ತ ಸುಂಕದ ಅಧಿಕಾರಿಯಿಂದ. ಸಿಂಹಳದ ತೋಟಗಳಲ್ಲಿ, ಮಲಯದ ಸುಂಕದ ಇಲಾಖೆಯಲ್ಲಿ ದುಡಿದು ೧೯೩೬ರಲ್ಲಿ ನಿವೃತ್ತನಾಗಿ ಊರಿಗೆ ಮರಳಿದವನು ಆತ. ಯುರೋಪಿನಲ್ಲಿ ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ವಾಸ್ತವವಾಗಿ ಒಂದು ಪ್ರಾಚೀನ ಧರ್ಮದ ಭಕ್ತರು ಎಂದು ಮಾರ್ಗರೆಟ್ ಮರ್ರೆ ಎಂಬ ವಿದುಷಿ ೧೯೨೧ರಲ್ಲಿ ಪುಸ್ತಕ ಬರೆದಿದ್ದಳು. ಇತಿಹಾಸಕಾರರು ಅದನ್ನು ಈಗ ಒಪ್ಪುವುದಿಲ್ಲ; ಗಾರ್ಡನರ್ ಒಪ್ಪಿದ. ೧೭೩೫ರ ಮಾಟದ ಕಾಯಿದೆ ೧೯೫೧ರಲ್ಲಿ ರದ್ದಾಯಿತು. ೧೯೫೪ರಲ್ಲಿ ಆತ, ಆ ಧರ್ಮ ಇನ್ನೂ ಬದುಕಿದೆ, ಅದರ ಕೂಟವೊಂದನ್ನು ತಾನು ಬಲ್ಲೆ ಎಂದು ಪುಸ್ತಕ ಹೊರಡಿಸಿದ. ಮೊದಲಲ್ಲಿ ಅವರ ದೊಡ್ಡ ಹಬ್ಬಗಳು ನಾಲ್ಕೇ: ಐರ್ಲೆಂಡಿನ ಹಳೆಯ ಬರಹಗಳಲ್ಲಿ ಬರುವ ಋತುಗಳ ತಲೆಬಾಗಿಲುಗಳು. ಆಗಸ್ಟ್ ಒಂದರ ಲೂನಾಸ ಎಂಬ ಸುಗ್ಗಿಯ ಹಬ್ಬ ಅವುಗಳಲ್ಲಿ ಸೇರಿತ್ತು. ಅಯನ ವಿಷುವಗಳಿಗೆ ಎರಡನೆಯ ಸ್ಥಾನ. ೧೯೫೮ರಲ್ಲಿ ಅವನ ಕೂಟದವರು ಅವನ್ನೂ ಸಮಸಮವಾಗಿ ಆಚರಿಸೋಣ ಎಂದರು, ನಾಲ್ಕು ಎಂಟಾಯಿತು. ಈ ಎಂಟನ್ನೂ ಒಂದೇ ಮಾಲೆಯಾಗಿ ಆಚರಿಸಿದ ಪ್ರಾಚೀನ ಜನಾಂಗ ಎಲ್ಲಿಯೂ ಸಿಕ್ಕುವುದಿಲ್ಲವೆಂಬುದು ಬ್ರಿಸ್ಟಲ್ ವಿಶ್ವವಿದ್ಯಾಲಯದವರೇ ಆದ ರೊನಾಲ್ಡ್ ಹಟನ್ ಅವರ ನಿರ್ಣಯ. ಬ್ರಿಟನ್ನಿನ ಹಬ್ಬಗಳನ್ನು ಕುರಿತು ೧೯೯೬ರಲ್ಲಿ, ವಿಕ್ಕಾ ಚರಿತ್ರೆಯನ್ನು ಕುರಿತು ೧೯೯೯ರಲ್ಲಿ ಅವರು ಬರೆದ ಗ್ರಂಥಗಳನ್ನು ಪೇಗನರೇ ಕೊಂಡು ಓದುತ್ತಾರೆಂಬುದು ನನಗೆ ಬಹಳ ಹಿಡಿಸಿದ ವಿಷಯ. ತಮ್ಮ ವಂಶಾವಳಿಯನ್ನು ಗುಮಾನಿಯಿಂದ ನೋಡುವವನ ಪುಸ್ತಕವನ್ನು ಪೂಜೆಯ ಮೇಜಿನ ಪಕ್ಕದಲ್ಲೇ ಇಟ್ಟುಕೊಳ್ಳುವ ಮತಸ್ಥರು ಲೋಕದಲ್ಲಿ ವಿರಳ.

ಇನ್ನು ಹೆಸರಿನ ಕಥೆ. ಹಬ್ಬ ಎಂಟಾದರೂ ಈ ದಿನಕ್ಕೆ 'ಶರದ್ವಿಷುವ' ಎಂಬ ಒಣ ಹೆಸರೇ ಉಳಿದಿತ್ತು. ೧೯೭೪ರಲ್ಲಿ ಕ್ಯಾಲಿಫೋರ್ನಿಯಾದ ಏಡನ್ ಕೆಲಿ ಎಂಬ ಕವಿ-ವಿದ್ವಾಂಸರು ಪೇಗನರಿಗಾಗಿ ಒಂದು ಪಂಚಾಂಗ ಜೋಡಿಸುತ್ತ ಕುಳಿತಾಗ ಇದು ಅವರಿಗೆ ಸಪ್ಪೆಯೆನಿಸಿತು. ಗ್ರೀಕರಲ್ಲಿ ಈ ಋತುವಿಗೆ ತಾಯಿ ದಿಮೀತರಳಿಂದ ಮಗಳು ಅಪಹೃತಳಾದ ಕಥೆ ಇದೆಯಲ್ಲ, ಅಂಥದೊಂದು ಬ್ರಿಟನ್ನಿನ ಕಡೆ ಇದೆಯೇ ಎಂದು ಹುಡುಕಿದರು. ಸಿಕ್ಕಿದ್ದು ವೇಲ್ಸಿನ ಹಳೆಯ ಕಥೆಯಲ್ಲಿ ಬರುವ ಮಾಬೊನ್. ಮೊದ್ರೊನ್ ಎಂಬಾಕೆಯ ಮಗ. ಹುಟ್ಟಿದ ಮೂರನೆಯ ರಾತ್ರಿ ತಾಯ ಮಗ್ಗುಲಿನಿಂದ ಕಳವಾದ ಕೂಸು. ಹೆಸರುಗಳನ್ನು ಬಿಡಿಸಿದರೆ ಉಳಿಯುವುದು 'ಮಗ, ತಾಯಿಯ ಮಗ' ಎಂದಷ್ಟೆ. ರೋಮನರ ಕಾಲದ ಉತ್ತರ ಬ್ರಿಟನ್ನಿನ ಶಾಸನಗಳಲ್ಲಿ ಮಾಪೊನಸ್ ಎಂಬ ದೇವತೆ ಇದ್ದಾನೆ. ಇವನು ಅವನೇ ಎನ್ನುತ್ತಾರೆ ಬಲ್ಲವರು. ದೇವತೆ ಹಳಬ, ಕಥೆಯೂ ಹಳೆಯದು. ಆ ಕಥೆಗೂ ವಿಷುವಕ್ಕೂ ಮಾತ್ರ ೧೯೭೪ಕ್ಕೆ ಮೊದಲು ಯಾವ ನಂಟೂ ಇರಲಿಲ್ಲ. ಕೆಲಿ ಇದನ್ನು ಮುಚ್ಚಿಟ್ಟವರಲ್ಲ. ಹೆಸರಿಟ್ಟವನು ನಾನೇ ಎಂದು ತಾವೇ ಹೇಳಿಕೊಂಡಿದ್ದಾರೆ.

ಆ ಕಥೆಯನ್ನು ಓದಿದಾಗ ನಾನು ಪತ್ರವನ್ನೂ ಪೇಚನ್ನೂ ಮರೆತೆ. ಅರ್ಥರ್ ದೊರೆಯ ಕಡೆಯವರು ಕಳೆದುಹೋದ ಮಾಬೊನನನ್ನು ಹುಡುಕುತ್ತ ಒಂದು ಕರಿಯ ಹಕ್ಕಿಯನ್ನು ಕೇಳುತ್ತಾರೆ. ಅದು ದಿನವೂ ಸಂಜೆ ಕೊಕ್ಕು ತಿಕ್ಕಿ ತಿಕ್ಕಿ ಕಮ್ಮಾರನ ಅಡಿಗಲ್ಲು ಕಾಯಿಯಷ್ಟು ಸವೆದಿದೆ. ಅಷ್ಟು ಮುದಿ ಹಕ್ಕಿ. ಆದರೂ ಮಾಬೊನನನ್ನು ಅರಿಯದು. ತನಗಿಂತ ಹಿರಿಯನೆಂದು ಒಂದು ಸಾರಂಗದ ಬಳಿಗೆ ಕಳಿಸುತ್ತದೆ. ಸಾರಂಗ ಗೂಬೆಯ ಬಳಿಗೆ, ಗೂಬೆ ಹದ್ದಿನ ಬಳಿಗೆ, ಹದ್ದು ಎಲ್ಲರಿಗಿಂತ ಹಿರಿಯದಾದ ಸಾಲ್ಮನ್ ಮೀನಿನ ಬಳಿಗೆ. ಮೀನು ಬಲ್ಲದು: ನದಿಯ ಭರತದೊಡನೆ ತಾನು ಏರಿಹೋಗುವಾಗ ಗ್ಲಾಸ್ಟರಿನ ಕೋಟೆಗೋಡೆಯ ಹಿಂದಿನಿಂದ ಸೆರೆಯಾಳೊಬ್ಬನ ಅಳು ಕೇಳುತ್ತದೆ. ಕನ್ನಡ ವಾಚಕರಿಗೆ ಇಷ್ಟರಲ್ಲೇ ನೆನಪಾಗಿರಬಹುದು. ಮಹಾಭಾರತದ ವನಪರ್ವದಲ್ಲಿ ಸ್ವರ್ಗದಿಂದ ಜಾರಿದ ಇಂದ್ರದ್ಯುಮ್ನ ರಾಜ ತನ್ನನ್ನು ಬಲ್ಲವರುಂಟೇ ಎಂದು ಮಾರ್ಕಂಡೇಯನನ್ನು ಕೇಳಿ, ಅವನಿಂದ ಮುದಿ ಗೂಬೆಗೆ, ಗೂಬೆಯಿಂದ ನಾಡೀಜಂಘನೆಂಬ ಬಕಕ್ಕೆ, ಬಕದಿಂದ ಅಕೂಪಾರನೆಂಬ ಆಮೆಗೆ ಹೋಗುತ್ತಾನಲ್ಲವೆ? ಅಲ್ಲಿಯೂ ಕೊನೆಗೆ ಬಲ್ಲವನು ನೀರಿನಲ್ಲಿರುವವನೇ. ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳುವ ಧೈರ್ಯ ನನಗಿಲ್ಲ, ಅದರಲ್ಲೂ ಈ ಪತ್ರ ಬಂದಮೇಲೆ.

ಮನೆಯೊಳಗೆ ಈ ಹಬ್ಬ ಬಂದದ್ದು ಇನ್ನೂ ಈಚೆಗೆ. ಗಾರ್ಡನರನ ಕಾಲಕ್ಕೆ ದೀಕ್ಷೆ ಪಡೆದು ಕೂಟ ಸೇರಬೇಕಿತ್ತು. ೧೯೮೮ರಲ್ಲಿ ಸ್ಕಾಟ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದವನು ಒಂಟಿಯಾಗಿ ಆಚರಿಸುವವರಿಗೆಂದೇ ಕೈಪಿಡಿ ಬರೆದ. ಗುರುವಿಲ್ಲ, ಕೂಟವಿಲ್ಲ, ಅಡಿಗೆಮನೆಯ ಮೇಜೇ ಪೀಠ, ಅಂಗಡಿಯ ಸೇಬೇ ನೈವೇದ್ಯ. ಆಸ್ಟ್ರೇಲಿಯಾದವರಿಗೆ ಆಗ ವಸಂತವಾದ್ದರಿಂದ ಅವರು ಇದನ್ನು ಮಾರ್ಚಿಗೆ ಸರಿಸಿಕೊಂಡರು. ಪಂಚಾಂಗಕ್ಕಿಂತ ಆಕಾಶವನ್ನು ನಂಬಿದ ಈ ಮಾತು ಸಣ್ಣದಲ್ಲ. ನಮ್ಮ ಕಡೆ ನೋಡಿ: ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣವೂ ಮೂಲದಲ್ಲಿ ಈ ವಿಷುವವೇ, ತುಲೆಯೆಂದರೆ ತಕ್ಕಡಿ, ಹಗಲಿರುಳು ಸಮತೂಗುವ ದಿನ. ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ ಎರಡೂ ಒಂದಾಗಿದ್ದವು. ಭೂಮಿಯ ಅಕ್ಷ ಮೆಲ್ಲನೆ ತಿರುಗುವುದರಿಂದ ಎಪ್ಪತ್ತೆರಡು ವರ್ಷಕ್ಕೊಂದು ದಿನದಂತೆ ಜಾರಿ ಈಗ ಸಂಕ್ರಮಣ ಅಕ್ಟೋಬರ್ ೧೭ರ ಸುಮಾರಿಗೆ ಬರುತ್ತದೆ. ಆಕಾಶ ಕೈಬಿಟ್ಟರೂ ನಾವು ಹಬ್ಬವನ್ನು ಬಿಟ್ಟಿಲ್ಲ. ಅವರದು ಆಕಾಶಕ್ಕೆ ಸರಿಯಾಗಿದೆ, ಹೆಸರು ಹೊಸದು. ನಮ್ಮದರ ಹೆಸರು ಹಳೆಯದು, ಆಕಾಶ ಮುಂದೆ ಹೋಗಿದೆ.

ಇಷ್ಟನ್ನೂ ಹುಡುಗಿಗೆ ಬರೆದೆ. ಪಾಠದಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ಊಹೆ, ಅದನ್ನು ಊಹೆಯೆಂದು ಹೇಳದೆ ಹೋದದ್ದು ನನ್ನ ತಪ್ಪು. ಪಕ್ಕದ ಮನೆಯಾಕೆಯ ಮನಸ್ಸು ನೋಯದಂತೆ ತಿಳಿಸು ಎಂದೂ ಸೇರಿಸಿದೆ. ನೊಂದುಕೊಂಡಾರೆಂದು ಅಂಜಿಕೆಯಿತ್ತು.

ಮೂರು ವಾರದ ಮೇಲೆ ಉತ್ತರ ಬಂತು. ಆಕೆ ಗಟ್ಟಿಯಾಗಿ ನಕ್ಕರಂತೆ. ಕೆಲಿಯ ವಿಷಯ ತನಗೆ ಮೊದಲೇ ಗೊತ್ತು. ಅತಿಥಿ ಅಷ್ಟು ಅಕ್ಕರೆಯಿಂದ ಸಾವಿರಾರು ವರ್ಷ ಎಂದಾಗ ಅಡ್ಡ ಬರುವುದು ಬೇಡವೆಂದು ಸುಮ್ಮನಿದ್ದೆ ಎಂದರಂತೆ. "ಈ ಹಬ್ಬ ನನಗಿಂತ ಆರು ವರ್ಷ ಚಿಕ್ಕದು. ಗಂಡ ತೀರಿಕೊಂಡ ವರ್ಷದಿಂದ ಮಾಡುತ್ತಿದ್ದೇನೆ. ಕತ್ತಲೆ ಶುರುವಾಗುವ ದಿನ ಮನೆಯಲ್ಲಿ ನಾಲ್ಕು ಜನ ಇರಲಿ ಎಂದು" ಎಂದರಂತೆ. ಚಿತ್ರಾನ್ನಕ್ಕೆ ಏನೇನು ಹಾಕಬೇಕೆಂದೂ ಬರೆಸಿಕೊಂಡಿದ್ದಾರೆ.

ಈ ವರ್ಷ ಜಾನಪದ ಪಾಠಕ್ಕೆ ಹೋಗುವ ಮುನ್ನ ಹಳೆಯ ಟಿಪ್ಪಣಿ ಪುಸ್ತಕ ತೆಗೆದು ರಾಶಿಪೂಜೆಯ ಪುಟವನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಹೇಳಬೇಕೆಂದು ತಿಳಿಯದೆ, ಹುಡುಗರನ್ನೇ ಕೇಳಿದೆ: ನಿಮ್ಮ ಕಣದಲ್ಲಿ ರಾಶಿಯ ಮೇಲೆ ಏನಿಡುತ್ತಾರೆ, ಯಾರು ಇಡುತ್ತಾರೆ, ಯಾವಾಗಿನಿಂದ? ಹೆಚ್ಚಿನವರು ಕಣವನ್ನೇ ಕಂಡಿರಲಿಲ್ಲ. ಕೊನೆಯ ಬೆಂಚಿನ ಒಬ್ಬ ಎದ್ದು ನಿಂತು, "ನಮ್ಮಜ್ಜಿಯನ್ನು ಕೇಳಿಕೊಂಡು ಬರುತ್ತೇನೆ ಸಾರ್" ಎಂದ.