ಐವತ್ತು ಜನರ ವಲೀಮ

ಮದುವೆ ನಿಶ್ಚಯವಾದ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಯಾವುದು ಹೇಳಿ? "ಹಾಲ್ ಯಾವುದು?" ಮುಂಬಯಿ, ಪುಣೆಯಂಥ ಊರಲ್ಲಾದರೆ ಹಾಲ್‌ನ ಬಾಡಿಗೆ ಕೇಳಿದ ಕೂಡಲೇ ಎರಡನೆಯ ಪ್ರಶ್ನೆಯೂ ಬರುತ್ತದೆ: "ಸಾಲ ಯಾರ ಹತ್ರ ಕೇಳೋಣ?" ಊರಿನಿಂದ ಬರುವ ನೆಂಟರು, ಇಲ್ಲಿರುವ ಊರಿನವರು, ಆಫೀಸಿನವರು, ಜಮಾಅತಿನವರು ಎಂದು ಪಟ್ಟಿ ಐನೂರು ದಾಟುತ್ತದೆ. ಇದರ ನಡುವೆ ಹುಡುಗನೋ ಹುಡುಗಿಯೋ "ನಮಗೆ ಐವತ್ತು ಜನ ಸಾಕು, ಚಿಕ್ಕದಾಗಿ, ಚೆನ್ನಾಗಿ ಮಾಡೋಣ" ಎಂದರೆ ಹಿರಿಯರ ಮುಖ ಸಣ್ಣಗಾಗುತ್ತದೆ. "ಜನ ಏನಂತಾರೆ? ನಮ್ಮಲ್ಲಿ ಹಾಗೆಲ್ಲ ಇಲ್ಲ."

ಹಾಗಾದರೆ ನಮ್ಮಲ್ಲಿ ಹೇಗಿತ್ತು? ಉತ್ತರ ಇರುವುದು, 'ನಮ್ಮಲ್ಲಿ' ಎನ್ನುವಾಗ ನೀವು ಯಾವ ಕಾಲವನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂಬುದರಲ್ಲಿ.

ಮದೀನಾದಿಂದ ಶುರು ಮಾಡೋಣ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮಕ್ಕಾ ಬಿಟ್ಟು ಬರಿಗೈಯಲ್ಲಿ ಅಲ್ಲಿಗೆ ಬಂದವರು. ಅರ್ಧ ಆಸ್ತಿ ಕೊಡುತ್ತೇನೆಂದ ಅನ್ಸಾರಿ ಸಹೋದರನಿಗೆ ಕೃತಜ್ಞತೆ ಹೇಳಿ, ಮಾರುಕಟ್ಟೆಯ ದಾರಿ ಕೇಳಿ, ತುಪ್ಪ ಮತ್ತು ಒಣಗಿಸಿದ ಮೊಸರಿನ ವ್ಯಾಪಾರಕ್ಕೆ ಇಳಿದರು. ಸ್ವಲ್ಪ ದಿನಗಳಾದ ಮೇಲೆ ಅವರ ಮೈಮೇಲೆ ಕೇಸರಿಯ ಕಲೆ ಕಂಡು ಪ್ರವಾದಿಯವರು(ಸ) ಏನು ವಿಷಯ ಎಂದು ವಿಚಾರಿಸಿದರು. ಮದುವೆಯಾಯಿತು ಎಂದರು ಅವರು. ಮಹ್ರ್ ಎಷ್ಟು? ಖರ್ಜೂರದ ಬೀಜದಷ್ಟು ತೂಕದ ಚಿನ್ನ. ಪ್ರವಾದಿಯವರು ಬರಕತ್ತಿಗಾಗಿ ಪ್ರಾರ್ಥಿಸಿ, ಒಂದು ಆಡಾದರೂ ಕೊಯ್ದು ವಲೀಮ ಮಾಡು ಎಂದರು.

ಈ ಪ್ರಸಂಗವನ್ನು ನಾವು ಮದುವೆ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆದರೆ ಅದರೊಳಗಿನ ಒಂದು ಸಂಗತಿ ನಮ್ಮ ಗಮನಕ್ಕೆ ಬಂದಿರುವುದಿಲ್ಲ. ಅಷ್ಟು ಹತ್ತಿರದ ಸಂಗಾತಿಯ ನಿಕಾಹ್ ನಡೆದದ್ದು ಪ್ರವಾದಿಯವರಿಗೆ ಗೊತ್ತಾದದ್ದು ಬಟ್ಟೆಯ ಬಣ್ಣದಿಂದ! ಕರೆಯಲಿಲ್ಲವೆಂದು ಅವರು ಮುನಿಸಿಕೊಂಡದ್ದು ಯಾವ ವರದಿಯಲ್ಲೂ ಇಲ್ಲ. ಇವತ್ತು ನಮ್ಮಲ್ಲಿ ದೂರದ ಚಿಕ್ಕಪ್ಪನ ಮಗನಿಗೆ ಕಾರ್ಡ್ ಹೋಗದಿದ್ದರೆ ಎರಡು ತಲೆಮಾರು ಮಾತು ಬಿಡುತ್ತದೆ.

ಇನ್ನು ಕ್ರಿ.ಶ. 628ರ ಖೈಬರ್. ಅಲ್ಲಿಂದ ಮರಳುವ ದಾರಿಯಲ್ಲಿ ಪ್ರವಾದಿಯವರ ಮತ್ತು ಹಝ್ರತ್ ಸಫಿಯ್ಯಾ(ರ) ಅವರ ವಲೀಮ ನಡೆಯಿತು. ಅದು ಪ್ರಯಾಣದ ನಡುವಿನ ತಂಗುದಾಣ. ಮನೆಯಿಲ್ಲ, ಅಡುಗೆಮನೆಯಿಲ್ಲ. ಸೇವೆಯಲ್ಲಿದ್ದ ಅನಸ್(ರ) ಹೇಳುವಂತೆ, ಆ ಔತಣದಲ್ಲಿ ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ನೆಲದ ಮೇಲೆ ಚರ್ಮದ ಹಾಸು ಹಾಸಿದರು. ಯಾರ ಬಳಿ ಏನು ಉಳಿದಿದೆಯೋ ತನ್ನಿ ಎಂದು ಹೇಳಿದರು. ಒಬ್ಬ ಖರ್ಜೂರ ತಂದ, ಇನ್ನೊಬ್ಬ ತುಪ್ಪ ತಂದ, ಮತ್ತೊಬ್ಬ ಒಣ ಮೊಸರು ತಂದ. ಎಲ್ಲವನ್ನೂ ಕಲಸಿದರು. 'ಹೈಸ್' ಎಂಬ ಸಿಹಿ ತಯಾರಾಯಿತು. ವಲೀಮ ಮುಗಿಯಿತು. ಈಗ ಪೇಟೆಯ ಹುಡುಗರು 'ಪಾಟ್‌ಲಕ್' ಎಂದು ಹೊಸದಾಗಿ ಕಂಡುಹಿಡಿದವರ ಹಾಗೆ ಹೇಳ್ತಾರಲ್ಲ, ಅದೇ ಇದು.

ಅಬೂ ಉಸೈದ್(ರ) ಅವರ ಮದುವೆಯದ್ದು ಇನ್ನೂ ಸೊಗಸು. ಅವರ ಮದುಮಗಳು ಹಿಂದಿನ ರಾತ್ರಿಯೇ ಕಲ್ಲಿನ ಪಾತ್ರೆಯಲ್ಲಿ ಖರ್ಜೂರ ನೆನೆಹಾಕಿದ್ದಳು. ಬಂದ ಅತಿಥಿಗಳಿಗೆ ಬಡಿಸಿದವಳೂ ಅವಳೇ. ಊಟವಾದ ಮೇಲೆ ಆ ಖರ್ಜೂರದ ಸಿಹಿನೀರನ್ನು ಪ್ರವಾದಿಯವರಿಗೆ ವಿಶೇಷವಾಗಿ ಕೊಟ್ಟಳು. ನಮ್ಮ ರಿಸೆಪ್ಶನ್‌ಗಳಲ್ಲಿ ಮದುಮಗಳು ಏನು ಮಾಡ್ತಾಳೆ? ಭಾರದ ಬಟ್ಟೆ ತೊಟ್ಟು ಮೂರು ಗಂಟೆ ಸೋಫಾದಲ್ಲಿ ಕೂತು ಫೋಟೋಕ್ಕೆ ನಗುತ್ತಾಳೆ. ಬಂದವರಲ್ಲಿ ಅರ್ಧ ಜನರ ಹೆಸರು ಅವಳಿಗೆ ಗೊತ್ತಿರುವುದಿಲ್ಲ. ಮದುಮಗಳೇ ಬಡಿಸಬೇಕು ಎಂದು ನಾನು ಹೇಳುತ್ತಿಲ್ಲ. ಅವಳ ಕೈಯ ಒಂದು ಗುರುತು ಆ ಊಟದಲ್ಲಿತ್ತು ಎಂಬುದನ್ನು ಮಾತ್ರ ನೋಡಿ.

ಪ್ರವಾದಿಯವರ ಇನ್ನೊಂದು ವಲೀಮ ಎರಡು 'ಮುದ್ದ್' ಬಾರ್ಲಿಯಲ್ಲಿ, ಅಂದರೆ ಎರಡು ಬೊಗಸೆ ಧಾನ್ಯದಲ್ಲಿ ಮುಗಿದಿತ್ತು. ಹಝ್ರತ್ ಝೈನಬ್(ರ) ಅವರದ್ದು ಇವುಗಳಲ್ಲಿ ದೊಡ್ಡದು: ಒಂದು ಆಡಿನ ಮಾಂಸ, ರೊಟ್ಟಿ. ಮನೆ ಚಿಕ್ಕದು. ಹತ್ತತ್ತು ಜನ ಒಳಗೆ ಬಂದು, ಉಂಡು, ಎದ್ದು ಹೋಗಿ, ಮುಂದಿನ ಹತ್ತು ಜನರಿಗೆ ಜಾಗ ಬಿಟ್ಟುಕೊಟ್ಟರೆಂದು ಒಂದು ವರದಿಯಿದೆ. ಕೊನೆಯಲ್ಲಿ ಕೆಲವರು ಹರಟೆ ಹೊಡೆಯುತ್ತಾ ಕೂತೇ ಇದ್ದರು. ಹೋಗಿ ಎನ್ನಲು ಪ್ರವಾದಿಯವರಿಗೆ ಸಂಕೋಚ. ಊಟವಾದ ಮೇಲೆ ಅತಿಥಿಗಳು ಎದ್ದು ಹೋಗಬೇಕೆಂಬ ಸೂಚನೆ ಕುರ್‌ಆನಿನ ಅಹ್‌ಝಾಬ್ ಅಧ್ಯಾಯದಲ್ಲಿ ಬಂದದ್ದು ಈ ಸಂದರ್ಭದಲ್ಲೇ. ಒಂದು ಕೋಣೆಯ ಮನೆಯಲ್ಲಿ ಮದುವೆ ಮಾಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಹಾಗಾದರೆ ಈ ಅಬ್ಬರ ಎಲ್ಲಿಂದ ಬಂತು? ಅರಮನೆಯಿಂದ. ಕ್ರಿ.ಶ. 825ರಲ್ಲಿ ಅಬ್ಬಾಸೀ ಖಲೀಫ ಮಅ್‌ಮೂನ್ ತನ್ನ ಅಧಿಕಾರಿ ಹಸನ್ ಬಿನ್ ಸಹ್ಲ್‌ನ ಮಗಳು ಬೂರಾನ್‌ಳನ್ನು ಮದುವೆಯಾದ. ಮಾವ ಅತಿಥಿಗಳ ಮೇಲೆ ಕಸ್ತೂರಿಯ ಉಂಡೆಗಳನ್ನು ಎಸೆಸಿದ. ಒಂದೊಂದು ಉಂಡೆಯೊಳಗೂ ಒಂದು ಚೀಟಿ. ಚೀಟಿಯಲ್ಲಿ ಜಮೀನಿನ ಹೆಸರು, ಗುಲಾಮರ ಹೆಸರು. ಯಾರ ಕೈಗೆ ಸಿಕ್ಕಿತೋ ಅದು ಅವರದ್ದು. ಮದುಮಕ್ಕಳ ಮೇಲೆ ಸಾವಿರ ಮುತ್ತು ಸುರಿದರು. ಅರಬ್ ಇತಿಹಾಸಕಾರರು ಇದನ್ನು ಬೆರಗಿನಿಂದ ಬರೆದಿಟ್ಟಿದ್ದಾರೆ.

ನಮ್ಮ ದೇಶದ ಉದಾಹರಣೆ ಬೇಕೆಂದರೆ 1633ರ ಆಗ್ರಾ. ಶಾಹಜಹಾನನ ಹಿರಿಯ ಮಗ ದಾರಾ ಶಿಕೋಹ್ ಮತ್ತು ನಾದಿರಾ ಬಾನು ಅವರ ಮದುವೆಗೆ ತಗಲಿದ ವೆಚ್ಚ 32 ಲಕ್ಷ ರೂಪಾಯಿ. ಅದರಲ್ಲಿ 16 ಲಕ್ಷ ಕೊಟ್ಟವಳು ಅಕ್ಕ ಜಹಾನಾರಾ. ಆ ಕಾಲದ 32 ಲಕ್ಷ, ಮರೆಯಬೇಡಿ. ಅದೇ ರಾಜ್ಯದ ಗುಜರಾತ್ ಮತ್ತು ದಖ್ಖನ್‌ನಲ್ಲಿ 1630ರಿಂದ 1632ರವರೆಗೆ ಭೀಕರ ಬರಗಾಲ ಬಿದ್ದು ಜನ ಊರೂರೇ ಬಿಟ್ಟು ಸತ್ತಿದ್ದರು. ಮದುವೆಯ ಮೆರವಣಿಗೆ ಚಿತ್ರವಾಗಿ ಪಾದಶಾಹ್‌ನಾಮಾದಲ್ಲಿ ಉಳಿಯಿತು.

ಬಾದಶಹನಿಗೆ ಖಜಾನೆಯಿತ್ತು. ಅವನನ್ನು ನೋಡಿ ಜಹಗೀರುದಾರ ಮಾಡಿದ, ಅವನನ್ನು ನೋಡಿ ಊರಿನ ಸಾಹುಕಾರ, ಕೊನೆಗೆ ಗುಮಾಸ್ತ, ಮೇಸ್ತ್ರಿ. ಖಜಾನೆಯ ಜಾಗದಲ್ಲಿ ಅಡವಿಟ್ಟ ಒಡವೆ ಬಂತು. 20ನೇ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿ 'ಇಸ್ಲಾಹುರ್ರುಸೂಮ್', 'ಬಹಿಶ್ತಿ ಝೇವರ್' ಕೃತಿಗಳಲ್ಲಿ ಮದುವೆಯ ಒಂದೊಂದೇ ಆಚರಣೆಯನ್ನು ಹಿಡಿದು, ಇದು ಎಲ್ಲಿಂದ ಬಂತು, ಯಾಕೆ ಬೇಕು ಎಂದು ಕೇಳಿದರು. ಅವರ ಎಲ್ಲ ಮಾತಿಗೂ ನನ್ನ ಒಪ್ಪಿಗೆಯಿಲ್ಲ. ಹೆಂಗಸರ ಹಾಡು, ಸಡಗರಗಳ ಬಗ್ಗೆ ಅವರು ವಿಪರೀತ ಬಿಗಿ. ಅನ್ಸಾರಿಗಳ ಮದುವೆಯಲ್ಲಿ ಹುಡುಗಿಯರು ದಫ್ ಬಾರಿಸಿ ಹಾಡಿದ್ದನ್ನು ಪ್ರವಾದಿಯವರೇ ಕೇಳಿಸಿಕೊಂಡಿದ್ದಾರೆ. ಆದರೆ ಹೆಸರಿಗಾಗಿ ಸಾಲ ಮಾಡಿ ಉಣಿಸುವುದರ ಬಗ್ಗೆ ಥಾನವಿಯವರ ಕೋಪ ನ್ಯಾಯವಾದದ್ದೇ.

ಸರಕಾರವೂ ಕೈ ಹಾಕಿ ನೋಡಿದೆ. ಜಮ್ಮು-ಕಾಶ್ಮೀರ ಸರಕಾರ 2017ರಲ್ಲಿ ಮಗಳ ಮದುವೆಗೆ 500, ಮಗನ ಮದುವೆಗೆ 400 ಅತಿಥಿಗಳ ಮಿತಿ ಹಾಕಿತು. ಐನೂರು ಎಂಬುದು ಅಲ್ಲಿ 'ಕಡಿಮೆ' ಎನಿಸಿತ್ತು! ಆಮೇಲೆ ಕೊರೋನಾ ಬಂತು. 2020ರ ಮೇ ತಿಂಗಳಲ್ಲಿ ಕೇಂದ್ರದ ಮಾರ್ಗಸೂಚಿ 50 ಜನ ಎಂದಿತು. ಆ ವರ್ಷ ಆದ ಮದುವೆಗಳಲ್ಲಿ ಯಾರ ಮಾನವೂ ಹೋಗಲಿಲ್ಲ ಅಲ್ವಾ? ನಿರ್ಬಂಧ ಎದ್ದದ್ದೇ ತಡ, ಹಾಲ್‌ಗಳು ಮತ್ತೆ ತುಂಬಿದವು.

ಈಗ ಐವತ್ತು ಜನರ ವಲೀಮ ಮಾಡಲು ಹೊರಟ ನಿಮ್ಮೊಂದಿಗೆ ಒಂದು ಮಾತು. ಚಿಕ್ಕ ಮದುವೆ ಇತ್ತೀಚೆಗೆ ಫ್ಯಾಶನ್ನೂ ಆಗಿದೆ. ಸಮುದ್ರದ ದಡದ ರೆಸಾರ್ಟ್, ಆಯ್ದ ಐವತ್ತು ಶ್ರೀಮಂತ ಗೆಳೆಯರು, ತಲೆಗೆ ಹತ್ತು ಸಾವಿರದ ಊಟ. ಇದಕ್ಕೂ ಖೈಬರಿನ ಚರ್ಮದ ಹಾಸಿಗೂ ಸಂಬಂಧವಿಲ್ಲ. ಉಳ್ಳವರನ್ನು ಕರೆದು ಬಡವರನ್ನು ಬಿಡುವ ವಲೀಮದ ಊಟವೇ ಅತ್ಯಂತ ಕೆಟ್ಟ ಊಟ ಎಂಬ ಎಚ್ಚರಿಕೆ ಹದೀಸಿನಲ್ಲಿದೆ. ಪಟ್ಟಿ ಚಿಕ್ಕದಾದಾಗ ಮೊದಲು ಬಿದ್ದು ಹೋಗುವ ಹೆಸರು ಯಾರದು, ನೋಡಿಕೊಳ್ಳಿ. ಊರಿನ ವಿಧವೆ ಚಿಕ್ಕಮ್ಮನದೇ? ಮನೆ ಕೆಲಸದವಳದೇ? ಕಟ್ಟಡದ ಕಾವಲುಗಾರನದೇ? ಐವತ್ತರಲ್ಲಿ ಹತ್ತು ಜಾಗ ಅವರಿಗೆ ಮೊದಲೇ ಬರೆದಿಡಿ. ಉಳಿದ ನಲವತ್ತಕ್ಕೆ ಜಗಳವಾಡಿ, ಪರವಾಗಿಲ್ಲ.

ಜಾಗಕ್ಕೆ ಸೊಸೈಟಿಯ ಟೆರೇಸ್ ಸಾಕು. ಮುಂಬಯಿಯ ಬೊಹ್ರಾಗಳ ಹಾಗೆ ಒಂದು ದೊಡ್ಡ ಥಾಲ್‌ನ ಸುತ್ತ ಎಂಟೆಂಟು ಜನ ಕೂತು, ಚಿಟಿಕೆ ಉಪ್ಪಿನಿಂದ ಶುರು ಮಾಡಿ ಒಟ್ಟಿಗೆ ಉಣ್ಣಬಹುದು. ಥಾಲ್ ಒಂದೇ ಆದಾಗ ಮ್ಯಾನೇಜರೂ ಕಾವಲುಗಾರನೂ ಪಕ್ಕಪಕ್ಕದಲ್ಲೇ ಕೂರಬೇಕಾಗುತ್ತದೆ. ಬಿರಿಯಾನಿಯ ದೇಗ್ ಒಂದು. ಸಿಹಿಯನ್ನು ಬಂದವರೇ ಮನೆಯಿಂದ ಮಾಡಿ ತರಲಿ. ಉಡುಪಿಯ ಕಡೆಯ ಅತ್ತೆ ಒಂದು ತರ ತರುತ್ತಾರೆ, ಹೈದರಾಬಾದಿನ ನಾದಿನಿ ಇನ್ನೊಂದು. ಹುಡುಗಿಯರ ಕೈಗೆ ದಫ್ ಕೊಡಿ. ಮತ್ತೆ ಹಿಂದಿನ ರಾತ್ರಿ ಖರ್ಜೂರ ನೆನೆಹಾಕುವ ಕೆಲಸವನ್ನು ಈ ಸಲ ಮದುಮಗನಿಗೆ ವಹಿಸಿ.